ಊಟದ ಮೇಜಿನ ಶಾಲೆ ಮತ್ತು ಡೀಟರ್ ಅವರ ಕೈಬರಹ

ಹೊರಗೆ ಇನ್ನೂ ಕತ್ತಲು. ಫೆಬ್ರುವರಿಯಲ್ಲಿ ಈ ಹಳ್ಳಿಗೆ ಬೆಳಕು ತಡವಾಗಿಯೇ ಬರುತ್ತದೆ. ರೊಶೆಲ್ ಪ್ರೂಟ್ ಊಟದ ಮೇಜಿನ ಮೇಲಿನ ಬ್ರೆಡ್ಡಿನ ಚೂರುಗಳನ್ನು ಅಂಗೈಗೆ ಬಳಿದುಕೊಂಡು, ಒದ್ದೆ ಬಟ್ಟೆಯಲ್ಲಿ ಒಮ್ಮೆ, ಒಣಬಟ್ಟೆಯಲ್ಲಿ ಒಮ್ಮೆ ಒರೆಸುತ್ತಾರೆ. ಅಲ್ಲಿಗೆ ಮೇಜು ಶಾಲೆಯಾಯಿತು. ಇವತ್ತು ಪಾಠ ಬೇಗ ಮುಗಿಯಬೇಕು. ಎಂಟಕ್ಕೆ ಸಾಮಾನು ಕಟ್ಟುವವರು ಬರುತ್ತಾರೆ. ಬಂದವರು ಮೇಜನ್ನೂ ಬಿಡುವುದಿಲ್ಲ.

"ಮನೆ ಖಾಲಿ ಮಾಡೋ ದಿನಾನೂ ಪಾಠವಾ?" ಎಂದು ಹದಿಮೂರರ ಹಿರಿಮಗಳು ಮಾರ್ಲೋ ಆಕಳಿಸುತ್ತಾಳೆ.

"ಅವರು ಬರೋ ತನಕ ಇದು ಶಾಲೆ. ಬಂದ ಮೇಲೆ ಬರೀ ಮರ. ಕೂತ್ಕೋ."

ಮಾರ್ಲೋ ಬೀಜಗಣಿತ ತೆಗೆದುಕೊಂಡು ಕೂರುತ್ತಾಳೆ. ಅವಳ ವಿಷಯದಲ್ಲಿ ರೊಶೆಲ್‌ಗೆ ಚಿಂತೆಯಿಲ್ಲ. ಚಿಂತೆಯೆಲ್ಲ ಎದುರಿನ ಕುರ್ಚಿಯಲ್ಲಿ ಮೊಣಕಾಲು ಮಡಚಿ ಕೂತಿರುವ ಒಂಬತ್ತು ವರ್ಷದ ಕಿರಿಮಗಳು ಟೆಸ್ಸಾಳದ್ದು. ಟೆಸ್ಸಾಳ ಮುಂದೆ, ದೋಣಿ ಕಟ್ಟಲು ಹೊರಟ ಮುಳ್ಳುಹಂದಿಯೊಂದರ ಚಿತ್ರಕಥೆಯಿದೆ. ಅಂಚು ಸವೆದು ಹತ್ತಿಯಂತಾಗಿದೆ. ಅವಳು ಸಾಲಿನ ಕೆಳಗೆ ಬೆರಳಿಟ್ಟು ಸರಾಗವಾಗಿ ಓದುತ್ತಾಳೆ. ಎಲ್ಲೂ ತಡವರಿಸುವುದಿಲ್ಲ. ಆರನೆಯ ಪುಟ ಬಂದಾಗ ಒಮ್ಮೆ ಕೆಮ್ಮುತ್ತಾಳೆ.

ರೊಶೆಲ್ ಕಣ್ಣು ಮುಚ್ಚಿಕೊಳ್ಳುತ್ತಾರೆ. ಆ ಕೆಮ್ಮು ಟೆಸ್ಸಾಳದಲ್ಲ, ಅವಳ ಅಪ್ಪನದು.

ಅಪ್ಪ ವೆಂಡೆಲ್ ಪ್ರೂಟ್ ಅಮೆರಿಕದ ವಾಯುಪಡೆಯಲ್ಲಿ ಮೆಕ್ಯಾನಿಕ್. ಜರ್ಮನಿಯ ಪಶ್ಚಿಮದ ಅಂಚಿನಲ್ಲಿರುವ ಈ ನೆಲೆಗೆ ಹೆಂಡತಿ ಮಕ್ಕಳೊಂದಿಗೆ ಬಂದವರು, ಈಗ ನಾಲ್ಕು ತಿಂಗಳಿಂದ ಹೆಸರು ಹೇಳಬಾರದ ಒಂದು ಮರಳುಗಾಡಿನಲ್ಲಿದ್ದಾರೆ. ಹೊರಡುವ ಮುನ್ನ ಮುಳ್ಳುಹಂದಿಯ ಕಥೆಯನ್ನು ಅಂಗೈಯಗಲದ ರೆಕಾರ್ಡರಿನಲ್ಲಿ ಓದಿ ಇಟ್ಟು ಹೋದರು. ಆರನೆಯ ಪುಟದಲ್ಲಿ ಗಂಟಲು ಕೆರೆದು ಕೆಮ್ಮು ಬಂತು. ಅಳಿಸಿ ಮತ್ತೆ ಓದಲು ಹೊತ್ತಿರಲಿಲ್ಲ. ಟೆಸ್ಸಾ ಪ್ರತಿ ರಾತ್ರಿ ಅದನ್ನು ಕೇಳುತ್ತಾ, ಪುಸ್ತಕದ ಮೇಲೆ ಬೆರಳು ಸರಿಸುತ್ತಾ ಮಲಗುತ್ತಾಳೆ.

"ಇವಳು ಓದ್ತಿದ್ದಾಳೋ, ಅಪ್ಪ ಓದಿದ್ದನ್ನ ಒಪ್ಪಿಸ್ತಿದ್ದಾಳೋ ನಂಗೆ ಗೊತ್ತಾಗ್ತಿಲ್ಲ" ಎನ್ನುತ್ತಾರೆ ರೊಶೆಲ್. "ಬೇರೆ ಪುಸ್ತಕ ಕೊಟ್ರೆ ಮುಖ ತಿರುಗಿಸ್ತಾಳೆ. ಇದನ್ನ ಕೊಟ್ರೆ ಕೆಮ್ತಾಳೆ. ನಾನು ಏನಂತ ತಿಳ್ಕೊಳ್ಲಿ?"

ತಿಳಿದುಕೊಳ್ಳಲೇಬೇಕಾದ ದಿನವೂ ಬಂದಿದೆ. ಮುಂದಿನ ನೆಲೆ ಜಪಾನಿನ ಉತ್ತರದಲ್ಲಿದೆ. ವೆಂಡೆಲ್ ನೇರ ಅಲ್ಲಿಗೆ ಬಂದು ಸೇರಿಕೊಳ್ಳುತ್ತಾರೆ. ಅಲ್ಲಿಯ ಶಾಲೆಯಲ್ಲಿ ಟೆಸ್ಸಾಳಿಗೆ ಜಾಗ ಬೇಕೋ ಬೇಡವೋ ಎಂದು ಇವತ್ತು ಸಂಜೆಯೊಳಗೆ ತಿಳಿಸಬೇಕು. ಸಾಮಾನು ಕಟ್ಟುವ ದಿನದವರೆಗೂ ಓದು ಹತ್ತದಿದ್ದರೆ ಶಾಲೆಗೆ ಸೇರಿಸುವುದೆಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದರು. ಆ ದಿನ ಇವತ್ತು.

ರೊಶೆಲ್ ಹುಟ್ಟಿ ಬೆಳೆದದ್ದು ಅಮೆರಿಕದ ಆರ್ಕನ್ಸಾ ರಾಜ್ಯದ ಭತ್ತ ಬೆಳೆಯುವ ಬಯಲಿನಲ್ಲಿ. ಟೀಚರಾಗುವ ಆಸೆ ಯಾವತ್ತೂ ಇರಲಿಲ್ಲ. ಕೂದಲು ಕತ್ತರಿಸುವ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದರು. ಮದುವೆಯಾದ ಮೇಲೆ ನೆಲೆಯಿಂದ ನೆಲೆಗೆ ಓಡಾಟ ಶುರುವಾಯಿತು. ಟೆಸ್ಸಾ ಏಳು ತುಂಬುವುದರೊಳಗೆ ಮೂರು ಶಾಲೆ ಕಂಡಳು. ಒಂದರಲ್ಲಿ ಅವಳು ಹಿಂದೆ ಬಿದ್ದಿದ್ದಾಳೆ ಎಂದರು. ಇನ್ನೊಂದರಲ್ಲಿ ಸರಿಯಾಗಿಯೇ ಇದ್ದಾಳೆ ಎಂದರು. ಮೂರನೆಯದರಲ್ಲಿ ಹೇಳುವುದರೊಳಗೆ ವರ್ಗಾವಣೆಯ ಆದೇಶ ಬಂತು.

"ಅವಳು ಒಂದು ಶಾಲೆಯಲ್ಲಿ ಬಾತ್‌ರೂಮ್ ಎಲ್ಲಿದೆ ಅಂತ ಕಲಿಯೋ ಹೊತ್ತಿಗೆ ನಾವು ಹೊರಟಿರ್ತಿದ್ವಿ" ಎನ್ನುತ್ತಾರೆ ರೊಶೆಲ್. "ಸರಿ, ಶಾಲೆನೇ ನಮ್ಮ ಜೊತೆ ಬರ್ಲಿ ಅಂದ್ಕೊಂಡೆ. ಜಂಬದಿಂದ ಅಲ್ಲ, ಬೇರೆ ದಾರಿ ಕಾಣ್ಲಿಲ್ಲ ಅಷ್ಟೆ."

ಅಂದಿನಿಂದ ದಿನ ಹೀಗೆ ನಡೆಯುತ್ತದೆ: ಬೆಳಗ್ಗೆ ಗಣಿತ, ಓದು. ನಡುವೆ ಬಟ್ಟೆ ಒಗೆಯುವ ಯಂತ್ರ ಕೂಗಿದಾಗ ವಿರಾಮ. ಹಿಟ್ಟು ತೂಗುವುದು ವಿಜ್ಞಾನ. ಆದರೆ ಪಾಕವಿಧಾನ ಆರ್ಕನ್ಸಾದ ಅಜ್ಜಿಯ ಕಪ್ಪಿನ ಲೆಕ್ಕದ್ದು, ತಕ್ಕಡಿ ಜರ್ಮನಿಯ ಗ್ರಾಮಿನದು. ಬ್ರೆಡ್ಡು ಒಮ್ಮೊಮ್ಮೆ ಎರಡು ದೇಶಕ್ಕೂ ಸೇರದಂತೆ ಆಗುತ್ತದೆ. ಅಮೆರಿಕದಿಂದ ತಂದ ಮಿಕ್ಸರನ್ನು ನೇರ ಇಲ್ಲಿಯ ಪ್ಲಗ್ಗಿಗೆ ಚುಚ್ಚಿದರೆ ಸುಟ್ಟುಹೋಗುತ್ತದೆಂದು ಮೇಜಿನ ಕೆಳಗೆ ವಿದ್ಯುತ್ತಿನ ಒತ್ತಡ ಇಳಿಸುವ ಭಾರದ ಟ್ರಾನ್ಸ್‌ಫಾರ್ಮರ್ ಒಂದು ಗುಂಯ್‌ಗುಡುತ್ತಾ ಕೂತಿರುತ್ತದೆ. ಟೆಸ್ಸಾ ಅದರ ಮೇಲೆ ಕಾಲು ಬೆಚ್ಚಗೆ ಮಾಡಿಕೊಂಡೇ ಕೂಡುವ ಲೆಕ್ಕ ಕಲಿತಳು.

ಗುರುವಾರ ನೆಲೆಯೊಳಗಿನ ಪ್ರಾರ್ಥನಾ ಮಂದಿರದ ಹಿಂದಿನ ಹಾಲಿನಲ್ಲಿ ಇಂಥದೇ ಮನೆಗಳ ತಾಯಂದಿರು ಸೇರುತ್ತಾರೆ. ಒಬ್ಬರು ರಸಾಯನಶಾಸ್ತ್ರ ಹೇಳಿಕೊಡುತ್ತಾರೆ, ಒಬ್ಬರು ಪಿಟೀಲು. ರೊಶೆಲ್ ಚರಿತ್ರೆ ಹೇಳಿ, ಕೊನೆಗೆ ಬೇಕಾದವರ ಕೂದಲು ಕತ್ತರಿಸುತ್ತಾರೆ. ಬೇಸಿಗೆ ಬಂತೆಂದರೆ ಪಿಟೀಲಿನವರ ಗಂಡನಿಗೆ ಆದೇಶ ಬರುತ್ತದೆ. ಮಕ್ಕಳು ಅರ್ಧ ಹಾಡು ಕಲಿತು ನಿಲ್ಲುತ್ತಾರೆ. ನೆಲೆಯಲ್ಲಿ ಸಂಜೆ ಬಾವುಟ ಇಳಿಸುವ ತುತ್ತೂರಿ ಕೇಳಿದಾಗ ಎಲ್ಲರೂ ಇದ್ದಲ್ಲೇ ನಿಲ್ಲುತ್ತಾರಲ್ಲ, ಹಾಗೆ.

ಕೆಳಗಿನ ಮನೆಯ ವಯಸ್ಸಾದ ಒಡತಿ ಫ್ರೌ, ಅಂದರೆ ಶ್ರೀಮತಿ, ಎಬರ್ಟ್‌ಗೆ ಈ ಶಾಲೆ ಇನ್ನೂ ಅರಗಿಲ್ಲ. ಅವರ ದೇಶದಲ್ಲಿ ಮಕ್ಕಳು ಶಾಲೆಗೆ ಹೋಗಲೇಬೇಕು, ಅದು ಕಾನೂನು. ವಿದೇಶಿ ಸೈನಿಕರ ಮಕ್ಕಳಿಗೆ ಆ ಕಾನೂನು ತಗಲುವುದಿಲ್ಲವೆಂದು ರೊಶೆಲ್ ಎಷ್ಟು ಸಲ ಹೇಳಿದರೂ, ಹತ್ತು ಗಂಟೆಗೆ ಹುಡುಗಿಯರು ಹಿತ್ತಲಲ್ಲಿ ಕಾಣಿಸಿದ ಕೂಡಲೇ ಅಜ್ಜಿ ಕಿಟಕಿ ತೆರೆಯುತ್ತಾರೆ.

"ಮಕ್ಕಳಾ, ಜ್ವರವಾ?"

"ಇಲ್ಲ ಅಜ್ಜಿ, ಬಿಡುವು!"

"ಇವತ್ತೂ?" ಎಂದು ತಲೆಯಾಡಿಸಿ, ಒಂದು ಹೋಳು ಪ್ಲಮ್ ಕೇಕನ್ನು ಕಿಟಕಿಯಿಂದಲೇ ಚಾಚುತ್ತಾರೆ.

ರೊಟ್ಟಿ ಅಂಗಡಿಯವಳು ಒಮ್ಮೆ ಟೆಸ್ಸಾಳನ್ನು, "ನೀನು ಯಾವೂರವಳಮ್ಮಾ?" ಎಂದು ಕೇಳಿದಳು. ಟೆಸ್ಸಾ ಬಹಳ ಹೊತ್ತು ಯೋಚಿಸಿ, "ಫ್ರೌ ಎಬರ್ಟ್ ಮನೆಯ ಮಹಡಿಯವಳು" ಎಂದಳು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ರೊಶೆಲ್ ಕೂಡ ನಕ್ಕರು. ಮನೆಗೆ ಬಂದು ಈರುಳ್ಳಿ ಹೆಚ್ಚುವಾಗ ಮಾತ್ರ, ನಗಬೇಕಿತ್ತೋ ಇಲ್ಲವೋ ತಿಳಿಯಲಿಲ್ಲವಂತೆ.

ಬಾಗಿಲು ತಟ್ಟುತ್ತದೆ. ಎಂಟಕ್ಕಿನ್ನೂ ಹೊತ್ತಿದೆ, ಆದರೆ ಡೀಟರ್ ಬಂದಾಗಿದೆ. ಸೈನಿಕರ ಮನೆಗಳ ಸಾಮಾನು ಕಟ್ಟಿಕಟ್ಟಿಯೇ ತಲೆ ನರೆತ ಮನುಷ್ಯ. ಜೊತೆಗೆ ಇಬ್ಬರು ಆಳುಗಳು, ಮಡಚಿದ ರಟ್ಟಿನ ರಾಶಿ.

"ಪ್ರೂಟ್ ಮೇಡಂ, ಕಾಫಿ ಕಪ್ ಕೈಯಲ್ಲೇ ಹಿಡ್ಕೊಳ್ಳಿ. ಕೆಳಗಿಟ್ರೆ ಕಟ್ಬಿಡ್ತೀವಿ" ಎನ್ನುತ್ತಾರೆ. "ಹೋದ ವರ್ಷ ಒಬ್ರ ಮನೇಲಿ ಕಸದ ಬುಟ್ಟೀನ ಕಸದ ಸಮೇತ ಕಟ್ಟಿದ್ವಿ. ಹವಾಯಿಯಲ್ಲಿ ಬಿಚ್ಚಿದ್ರಂತೆ. ಬಾಳೆಹಣ್ಣಿನ ಸಿಪ್ಪೆಗೆ ಎಷ್ಟು ಚೆನ್ನಾಗಿ ಕಾಗದ ಸುತ್ತಿದೀರಿ ಅಂತ ಹೊಗಳಿ ಬರೆದಿದ್ರು!"

ಇದು ಈ ಜನರೆಲ್ಲ ಬಲ್ಲ ಸಂಗತಿ. ಕಟ್ಟುವವರು ಕಂಡದ್ದನ್ನೆಲ್ಲ ಕಟ್ಟುತ್ತಾರೆ. ಅದಕ್ಕೇ ಪ್ರತಿ ಮನೆಯಲ್ಲೂ ಆ ದಿನ ಬಚ್ಚಲುಮನೆ ಕೋಟೆಯಾಗುತ್ತದೆ. ವಿಮಾನದಲ್ಲಿ ಜೊತೆಗೊಯ್ಯುವುದನ್ನೆಲ್ಲ ಅಲ್ಲಿ ಪೇರಿಸಿ, "ಇಲ್ಲಿಯದು ಮುಟ್ಟಬೇಡಿ" ಎಂದು ಬಾಗಿಲಿಗೆ ಕಾಗದ ಅಂಟಿಸುವುದು ರೂಢಿ. ರೊಶೆಲ್ ನಿನ್ನೆಯೇ ಅಂಟಿಸಿದ್ದಾರೆ. ಪಾಠ ಮುಗಿದ ಕೂಡಲೇ ಟೆಸ್ಸಾ ತನ್ನ ಪುಸ್ತಕ, ರೆಕಾರ್ಡರು ಎರಡನ್ನೂ ಅಲ್ಲಿಟ್ಟು, ಕೈ ತೊಳೆದು, ಬಾಗಿಲನ್ನು ಹಾಗೇ ಅಗಲವಾಗಿ ತೆರೆದು ಬಂದಿದ್ದಾಳೆ.

ತೆರೆದ ಬಾಗಿಲು ಗೋಡೆಗೆ ಒರಗಿತು. ಅಂಟಿಸಿದ ಕಾಗದ ಗೋಡೆಯ ಕಡೆ ಮುಖ ಮಾಡಿತು.

ಮಧ್ಯಾಹ್ನದ ಹೊತ್ತಿಗೆ ಮನೆಯೆಲ್ಲ ಪೆಟ್ಟಿಗೆಗಳಾಗಿ ನಡುಮನೆಯಲ್ಲಿ ಗೋಡೆಯಂತೆ ನಿಂತಿದೆ. ರೊಶೆಲ್ ಬಚ್ಚಲಿಗೆ ಹೋಗಿ ನೋಡಿದರೆ ಸೂಟ್‌ಕೇಸುಗಳಷ್ಟೇ ಇವೆ. ಉಳಿದದ್ದೆಲ್ಲ ಗುಡಿಸಿದಂತೆ ಖಾಲಿ. ಟೆಸ್ಸಾ ಬೆನ್ನ ಹಿಂದೆಯೇ ಬಂದವಳು, ಪುಸ್ತಕವಿಟ್ಟ ಜಾಗ ನೋಡಿದಳು. ಅಳಲಿಲ್ಲ, ಬಿಳಿಚಿಕೊಂಡಳು.

"ಡೀಟರ್! ಬಚ್ಚಲಿನದು ಯಾವ ಪೆಟ್ಟಿಗೇಲಿದೆ?"

"ಅಯ್ಯೋ. ಬಚ್ಚಲು ಕಟ್ಟಿದ್ರಾ?" ಅವರು ಆಳುಗಳ ಕಡೆ ತಿರುಗಿ ಜರ್ಮನ್‌ನಲ್ಲಿ ಏನೋ ಬೈದು ಇತ್ತ ತಿರುಗುತ್ತಾರೆ. "ಅವನು ಕಟ್ಟಿದ, ಇವನು ಹೊತ್ತ, ಅವರು ಕೂಗಿ ಹೇಳಿದ್ದನ್ನ ನಾನು ನೋಡದೆ ಬರೆದೆ. ಈಗ ಪೆಟ್ಟಿಗೆಗಳೆಲ್ಲ ಮೇಲೆ ಕೆಳಗೆ ಆಗಿವೆ ಮೇಡಂ. ಪೆಟ್ಟಿಗೆ ಮೇಲೆ ಇಂಗ್ಲಿಷಲ್ಲೇ ಬರೆದಿರ್ತೀನಿ, ಹುಡುಕಬೇಕು. ಆದ್ರೆ ಒಂದು ಮಾತು, ನನ್ನ ಕೈಬರಹ ನನ್ನ ಹೆಂಡ್ತಿಗೂ ಓದೋಕಾಗಲ್ಲ. ಅಂಗಡಿಗೆ ಚೀಟಿ ಬರೆದು ಕೊಟ್ರೆ ವಾಪಸ್ ತರ್ತಾಳೆ."

"ಲಾರಿ ಎಷ್ಟೊತ್ತಿಗೆ ಬರುತ್ತೆ?"

"ದಾರಿಯಲ್ಲಿದೆ."

"ಹಾಗಾದ್ರೆ ಎಲ್ಲಾ ಬಿಚ್ಚಿ!"

"ಎಲ್ಲಾನಾ? ಮೇಡಂ, ಹಾಗೆ ಮಾಡಿದ್ರೆ ನಾಳೆ ತನಕ ಇಲ್ಲೇ ಇರ್ಬೇಕಾಗುತ್ತೆ, ನಾನೂ ನೀವೂ."

"ಇರೋಣ ಬಿಡಿ! ಅದು ಹಡಗಲ್ಲಿ ಹೋದ್ರೆ ಎಷ್ಟು ತಿಂಗಳು ಹಿಡಿಯುತ್ತೆ ಗೊತ್ತಾ? ಅದ್ರಲ್ಲಿ ಅವಳಪ್ಪನ ದನಿ ಇದೆ!"

ಇಬ್ಬರ ಮಾತೂ ಏರುತ್ತಿರುವಾಗ ಮಾರ್ಲೋ ಅಮ್ಮನ ಮೊಣಕೈ ಹಿಡಿದು ಜಗ್ಗುತ್ತಾಳೆ.

"ಅಮ್ಮ, ಸುಮ್ನಿರು. ಸ್ವಲ್ಪ ಕೇಳು."

ಪೆಟ್ಟಿಗೆಗಳ ಗೋಡೆಯ ಆ ಬದಿಯಿಂದ ಸಣ್ಣ ದನಿ ಬರುತ್ತಿದೆ. ಟೆಸ್ಸಾ ಒಂದು ಪೆಟ್ಟಿಗೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಡೀಟರ್ ದಪ್ಪ ಮಸಿಯಲ್ಲಿ ಗೀಚಿದ ಗೀಟುಗಳ ಕೆಳಗೆ ಬೆರಳು ಸರಿಸುತ್ತಿದ್ದಾಳೆ.

"ಪಾ... ಪಾತ್... ಪಾತ್ರೆ. ಇದಲ್ಲ." ಮುಂದಿನದಕ್ಕೆ ಜರಗುತ್ತಾಳೆ. "ದಿಂ... ದಿಂಬು. ಇದೂ ಅಲ್ಲ. ಟ... ಟೆಂಟ್? ಅಲ್ಲ, ಆಮೇಲೆ ಬೇರೆ ಇದೆ. ಟ... ಟವ್..."

ರೊಶೆಲ್ ಬಾಯಿ ತೆರೆಯುತ್ತಾರೆ. ಮಾರ್ಲೋ ಮೊಣಕೈಯನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತಾಳೆ. ಡೀಟರ್‌ಗೆ ಏನಾಗುತ್ತಿದೆಯೆಂದು ಗೊತ್ತಿಲ್ಲ. ಆದರೂ ಕೈಯಲ್ಲಿದ್ದ ಅಂಟು ಟೇಪನ್ನು ಸದ್ದಾಗದಂತೆ ಕೆಳಗಿಡುತ್ತಾರೆ.

"ಟವೆಲ್! ಟವೆಲ್... ಸೋಪು... ಬಾತ್‌ರೂಮ್. ಅಮ್ಮಾ! ಇಲ್ಲಿದೆ! ಇದೇ!"

ಡೀಟರ್ ಚಾಕು ಎಳೆದು ಪೆಟ್ಟಿಗೆ ಸೀಳುತ್ತಾರೆ. ಮೇಲೆ ಟವೆಲು, ಕೆಳಗೆ ಕಾಗದ ಸುತ್ತಿದ ಅರ್ಧ ಸೋಪು, ಅದರ ಕೆಳಗೆ ಮುಳ್ಳುಹಂದಿ. ಟೆಸ್ಸಾ ಪುಸ್ತಕ, ರೆಕಾರ್ಡರು ಎರಡನ್ನೂ ಅಂಗಿಯೊಳಗೆ ತೂರಿಸಿಕೊಂಡು ಕೆಳಗೆ ಫ್ರೌ ಎಬರ್ಟ್ ಮನೆಗೆ ಓಡುತ್ತಾಳೆ. ತಾನು ಏನು ಮಾಡಿದೆನೆಂಬುದು ಅವಳಿಗೆ ತಿಳಿದೇ ಇಲ್ಲ.

ಲಾರಿ ಬಂದು ಹೋಯಿತು. ಖಾಲಿ ಮನೆಯಲ್ಲಿ ಮಾತಾಡಿದರೆ ಪ್ರತಿಧ್ವನಿಸುತ್ತದೆ. ಹಗಲಿನ ಮಿಕ್ಕ ಬೆಳಕಿನಲ್ಲಿ ರೊಶೆಲ್ ನೆಲದ ಮೇಲೆ ಕೂತು ಮಗಳನ್ನು ಹತ್ತಿರಕ್ಕೆ ಕರೆಯುತ್ತಾರೆ.

"ಟೆಸ್ಸಾ, ಡೀಟರ್ ಬರೆದದ್ದು ಓದಿದ್ಯಲ್ಲ. ಹಾಗೇ ಈ ಮುಳ್ಳುಹಂದಿ ಕಥೇನೂ ಓದು ನೋಡೋಣ. ಕೆಮ್ಮದೆ, ನಿನ್ನ ಥರ."

ಟೆಸ್ಸಾ ಅಮ್ಮನನ್ನು ವಿಚಿತ್ರವಾಗಿ ನೋಡುತ್ತಾಳೆ.

"ಇದು ಅಪ್ಪ ಓದೋದು ಅಮ್ಮ. ನಾನ್ಯಾಕೆ ನನ್ನ ಥರ ಓದ್ಲಿ? ಆಗ ಇದು ಅಪ್ಪಂದು ಹೇಗಾಗುತ್ತೆ?"

ರೊಶೆಲ್ ಪುಸ್ತಕ ಮುಚ್ಚಿ ಮಗಳ ಕೈಗೆ ಕೊಡುತ್ತಾರೆ. ನಾಲ್ಕು ತಿಂಗಳಿಂದ ತಾವು ಅದೇ ಪುಸ್ತಕವನ್ನು ಮುಂದಿಟ್ಟು ಮಗುವಿನ ಓದನ್ನು ಅಳೆಯುತ್ತಿದ್ದರು. ಮಗು ಅಪ್ಪನ ಒಂದು ಕೆಮ್ಮನ್ನೂ ಚೆಲ್ಲದಂತೆ ಕಾಯುತ್ತಿತ್ತು.

ಜಪಾನಿನ ಶಾಲೆಗೆ ಉತ್ತರ ಕಳಿಸಿ ಮುಗಿಸುವಷ್ಟರಲ್ಲಿ ಫೋನು ಬಡಿದುಕೊಳ್ಳುತ್ತದೆ. ವೆಂಡೆಲ್. ಗೆರೆಗೆರೆಯಾಗಿ ಒಡೆಯುವ ದನಿ.

"ಶೆಲ್, ಆ ಶಾಲೆಯವರಿಗೆ ಏನಂತ ಹೇಳ್ದೆ?"

"ಈ ವರ್ಷ ಬೇಡ ಅಂದೆ. ಮುಂದಿನ ವರ್ಷದ್ದು ಗೊತ್ತಿಲ್ಲ."

"ಓದ್ತಾಳಾ ಹಾಗಾದ್ರೆ?"

"ಓದ್ತಾಳೆ. ನಾನು ಕಲಿಸಿದ್ದಕ್ಕೋ, ಗಾಬರಿಗೋ, ಯಾವುದಕ್ಕೆ ಅಂತ ಕೇಳ್ಬೇಡ. ನಂಗೆ ಗೊತ್ತಿಲ್ಲ."

ಗೊತ್ತಿಲ್ಲ ಎಂಬ ಮಾತನ್ನು ರೊಶೆಲ್ ದಿನಕ್ಕೆಷ್ಟು ಸಲ ಹೇಳುತ್ತಾರೋ. ಅವರ ಈ ದುಡಿಮೆಯನ್ನು ಯಾರೂ ಕೆಲಸವೆಂದು ಕರೆಯುವುದಿಲ್ಲ. ನಿವೃತ್ತಿಯ ದಿನ ಪದಕ ಬರುವುದು ವೆಂಡೆಲ್ ಅವರಿಗೆ. ಜಪಾನಿನ ಮನೆಯಲ್ಲಿ ಏನು ಬೇಕು ಎಂದು ಕೇಳಿದರೆ ರೊಶೆಲ್ ಯೋಚಿಸಿ, "ಮೇಜು ಹಿಡಿಸೋ ಅಷ್ಟು ಜಾಗ, ಪಕ್ಕದಲ್ಲೊಂದು ಕಿಟಕಿ" ಎನ್ನುತ್ತಾರೆ. "ಜೊತೆಗೆ, ಬಚ್ಚಲಿನ ಬಾಗಿಲು ತೆರೆದ್ರೂ ಕಾಣೋ ಹಾಗೆ ಎರಡೂ ಕಡೆ ಕಾಗದ ಅಂಟಿಸೋ ಬುದ್ಧಿ."

ಕೆಳಗಿನಿಂದ ಪ್ಲಮ್ ಕೇಕಿನ ಪರಿಮಳ ಏರಿ ಬರುತ್ತಿದೆ. ಫ್ರೌ ಎಬರ್ಟ್ ರಾತ್ರಿ ಊಟಕ್ಕೆ ಕರೆದಿದ್ದಾರೆ. ರೊಶೆಲ್ ಎದ್ದು ಬಟ್ಟೆ ಕೊಡವಿಕೊಂಡು, ಮೇಜು ಇದ್ದ ಜಾಗದಲ್ಲಿ ಉಳಿದಿರುವ ನಾಲ್ಕು ಕಾಲಿನ ಗುರುತುಗಳನ್ನು ನೋಡುತ್ತಾ ನಿಲ್ಲುತ್ತಾರೆ. ಅವರ ಮುಖದಲ್ಲಿ ಒಂದು ನಗು ಬರಲೋ ಬೇಡವೋ ಎಂಬಂತೆ ಬಂದು ಕೂರುತ್ತದೆ.

"ಡೀಟರ್ ಬರೆದದ್ದು ಅವರ ಹೆಂಡ್ತಿಗೂ ಓದೋಕಾಗಲ್ವಂತೆ" ಎನ್ನುತ್ತಾರೆ. "ನನ್ನ ಮಗಳು ಓದಿದ್ಲು."