ರವಿವಾರದ ಬುತ್ತಿ

ನನಗೆ ಯಾರಾದರೂ ಹುದ್ದೆ ಕೊಟ್ಟರೆ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ ಎಂದು ನನ್ನನ್ನು ಹೆತ್ತ ಆಯಿ ಮೊದಲಿನಿಂದಲೂ ಹೇಳುತ್ತಿದ್ದಳು. ಎಂಬತ್ತರ ದಶಕದ ಕೊನೆ. ಕಲಬುರಗಿಯಲ್ಲಿ ಎಂ.ಎ. ಎರಡನೆಯ ವರ್ಷ ಓದುತ್ತಿದ್ದೆ. ಹೆಣ್ಣುಮಕ್ಕಳ ಹಾಸ್ಟೆಲಿಗೆ ಹೊಸದಾಗಿ ಬಂದಿದ್ದ ವಾರ್ಡನ್ ಮೇಡಂ ಒಂದು ದಿನ ನನ್ನನ್ನು ಕರೆದು, ಇನ್ನು ಮೇಲೆ ನೀನು ನನ್ನ ಸಹಾಯಕಿ ಎಂದರು. ರೂಮು ಹಂಚುವಾಗ, ಊಟಕ್ಕೆ ಕೂಡುವಾಗ, ಹಬ್ಬ ಮಾಡುವಾಗ ಹುಡುಗಿಯರು ತಮ್ಮ ತಮ್ಮ ಜಾತಿಯ ಗುಂಪು ಕಟ್ಟಿಕೊಳ್ಳದಂತೆ ನೋಡಿಕೊಳ್ಳುವುದು ನನ್ನ ಕೆಲಸ. "ಎಲ್ಲಾರನ್ನೂ ಕೂಡಸಬೇಕು ನೋಡವಾ, ನಿನ್ನ ಮ್ಯಾಲ ಬಿಟ್ಟೀನಿ" ಎಂದರು. ನಾನು ಅಂದೇ ರೂಮುಗಳ ಪಟ್ಟಿ ಹಿಡಿದು ಕೂತೆ.

ಸಹಾಯಕಿಗೆ ಒಬ್ಬಳಿಗೇ ಒಂದು ರೂಮು. ವರಾಂಡದ ಕೊನೆಯಲ್ಲಿ, ನೀರಿನ ಟಾಕಿಯ ಪಕ್ಕ. ಇಬ್ಬರು ಲಿಂಗಾಯತ ಹುಡುಗಿಯರನ್ನು ಬೇರೆ ಬೇರೆ ಮಾಡಿದೆ, ಮುಸ್ಲಿಂ ಹುಡುಗಿಯೊಬ್ಬಳನ್ನು ಗಂಜ್ ಮಾರುಕಟ್ಟೆಯ ಬೇಳೆ ವ್ಯಾಪಾರಿಯ ಮಗಳ ಜೊತೆ ಹಾಕಿದೆ, ಬೈಸಿಕೊಂಡೆ. ಅವರೆಲ್ಲ ಹದಿನೈದು ದಿನ ಮುಖ ತಿರುಗಿಸಿಕೊಂಡಿದ್ದು, ಆಮೇಲೆ ಒಂದೇ ಬಾಚಣಿಗೆಯಲ್ಲಿ ತಲೆ ಬಾಚಿಕೊಳ್ಳತೊಡಗಿದರು. ನನ್ನ ಹತ್ತಿರ ಮಾತ್ರ ಯಾರೂ ಬರಲಿಲ್ಲ. ನನ್ನ ಚಪ್ಪಲಿಯ ಸಪ್ಪಳ ಕೇಳಿದರೆ ಸಾಕು, ರೂಮಿನೊಳಗಿನ ನಗು ನಿಂತುಬಿಡುತ್ತಿತ್ತು. ಮೇಡಮ್ಮಿಗೆ ಚಾಡಿ ಹೇಳುವವಳು ಎಂದು ಹೆಸರಾಗಿತ್ತು. ಹೇಳುತ್ತಿದ್ದೆ ಕೂಡ. ಆ ವರ್ಷದಷ್ಟು ಒಂಟಿಯಾಗಿ ನಾನು ಮತ್ತೆಂದೂ ಇರಲಿಲ್ಲ.

ಬಂದವಳು ಒಬ್ಬಳೇ. ಬಿ.ಎ. ಮೊದಲ ವರ್ಷದ ಹುಡುಗಿ, ನಮ್ಮ ಕಮಲಾಪುರದವಳೇ. ನಮ್ಮ ಮನೆ ಊರೊಳಗಿನ ಬ್ರಾಹ್ಮಣರ ಓಣಿಯಲ್ಲಿ, ಆಕೆಯದು ಊರ ಹೊರಗೆ, ದಲಿತರ ಕೇರಿಯಲ್ಲಿ. ನಡುವೆ ಹತ್ತು ನಿಮಿಷದ ದಾರಿ. ಇಪ್ಪತ್ತೆರಡು ವರ್ಷದಲ್ಲಿ ನಾನು ಆ ಕಡೆ ಕಾಲಿಟ್ಟಿರಲಿಲ್ಲ, ಆಕೆಯನ್ನು ನೋಡಿಯೂ ಇರಲಿಲ್ಲ. ಮೊದಲು ನೋಡಿದ್ದು ಕಲಬುರಗಿಯ ಬಸ್‌ಸ್ಟ್ಯಾಂಡಿನಲ್ಲಿ. ನಮ್ಮ ಕಡೆ ಹಳ್ಳಿಯಿಂದ ಓದಲು ಬಂದ ಮಕ್ಕಳಿಗೆ ಮನೆಯವರು ರೊಟ್ಟಿಯ ಗಂಟು ಕಟ್ಟಿ ಬಸ್ಸಿಗೆ ಹಾಕುತ್ತಾರೆ. ಕಂಡಕ್ಟರ್ ತಂದು ಇಳಿಸುತ್ತಾನೆ. ಅದೇ ಬುತ್ತಿ. ಒಂದು ರವಿವಾರ ಒಂದೇ ಬಸ್ಸಿನಿಂದ ಎರಡು ಬುತ್ತಿ ಇಳಿದವು, ಒಂದಕ್ಕೆ ನಾನು ಕೈ ಚಾಚಿದೆ, ಇನ್ನೊಂದಕ್ಕೆ ಆಕೆ.

"ಅಕ್ಕೋರ, ನೀವೂ ಕಮಲಾಪುರದವ್ರೇನ್ರಿ?" ಎಂದು ಕೇಳಿದಳು. ಊರ ಕೆಂಪು ಬಾಳೆಹಣ್ಣಿನ ಮಾತಾಡುತ್ತ ಹಾಸ್ಟೆಲಿನವರೆಗೂ ನಡೆದು ಬಂದೆವು. ಅಂದಿನಿಂದ ಸಂಜೆಯಾದರೆ ಪುಸ್ತಕ ಹಿಡಿದು ನನ್ನ ರೂಮಿಗೆ ಬರುತ್ತಿದ್ದಳು. ಅಕ್ಕೋರ ಅನ್ನಬೇಡ, ಅಕ್ಕಾ ಅನ್ನು ಎಂದು ಗದರಿದೆ. ತಿಂಗಳ ಮೇಲೆ ಅಕ್ಕಾ ಎಂದಳು. ನನಗೆ ಎಷ್ಟು ಖುಷಿಯಾಯಿತೆಂದರೆ ಮೇಡಮ್ಮಿಗೂ ಹೋಗಿ ಹೇಳಿಬಂದೆ.

ರವಿವಾರ ಸಂಜೆ ಮೆಸ್ಸಿಗೆ ರಜೆ. ಬುತ್ತಿ ಬಂದವರು ಬಾಗಿಲು ಹಾಕಿಕೊಂಡು ತಮ್ಮ ತಮ್ಮವರ ಜೊತೆ ಉಣ್ಣುತ್ತಿದ್ದರು, ಬಾರದವರು ಬಾಳೆಹಣ್ಣು ತಿಂದು ಮಲಗುತ್ತಿದ್ದರು. ನನ್ನ ತಲೆಗೆ ಒಂದು ವಿಚಾರ ಬಂತು: ಎಲ್ಲರ ಬುತ್ತಿಯನ್ನೂ ಹಾಸ್ಟೆಲಿನ ದೊಡ್ಡ ಹಾಲಿನಲ್ಲಿ ಜಮಖಾನೆ ಹಾಸಿ ಬಿಚ್ಚಬೇಕು, ಯಾರ ಬುತ್ತಿಯನ್ನು ಯಾರು ಬೇಕಾದರೂ ಉಣ್ಣಬೇಕು. ಮೇಡಂ ಬೆನ್ನು ತಟ್ಟಿದರು.

ಮೊದಲ ರವಿವಾರ ಗದ್ದಲವೋ ಗದ್ದಲ. ಶೇಂಗಾ ಹೋಳಿಗೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಮಾಯವಾಯಿತು, ಪುಂಡಿಪಲ್ಯಕ್ಕೆ ಕೈಗಳು ಮುತ್ತಿದವು. ನಮ್ಮೂರ ಹುಡುಗಿ ಎಲ್ಲರಿಗೂ ನೀರು ಕೊಡುವ ಕೆಲಸ ತಾನೇ ವಹಿಸಿಕೊಂಡಿದ್ದಳು. ಅರ್ಧ ಗಂಟೆಯ ಮೇಲೆ ನೋಡಿದರೆ ಜಮಖಾನೆಯ ಮೇಲೆ ಒಂದೇ ಬುತ್ತಿ ಹಾಗೇ ಉಳಿದಿತ್ತು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಚಟ್ನಿಪುಡಿಯಂತೆ ಕುಟ್ಟಿದ ಅಗಸಿ ಹಿಂಡಿ. ಆಕೆಯದು. ಯಾರೂ ಏನೂ ಅಂದಿರಲಿಲ್ಲ. ಸುಮ್ಮನೆ ಸುತ್ತು ಹಾಕಿ ದಾಟಿ ಹೋಗಿದ್ದರು.

ಆಗ ನಾನು ಕೂತು ಒಂದು ರೊಟ್ಟಿ ಮುರಿಯಬಹುದಿತ್ತು. ಮುರಿಯಲಿಲ್ಲ. ಹಿಂಡಿಯಲ್ಲಿ ಬೆಳ್ಳುಳ್ಳಿ ಇದೆ, ನಮ್ಮ ಮನೆಯಲ್ಲಿ ನಡೆಯುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಸ್ಟೇಶನ್ ಬಜಾರದ ಹೋಟೆಲಿನಲ್ಲಿ ಕೂತು ಉಳ್ಳಾಗಡ್ಡಿ ಭಜಿ ತಿನ್ನುವಾಗ ಅದು ಯಾರ ಕೈಯಡುಗೆ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಆಕೆ ಕೊಡ ಹಿಡಿದು ಒಳಗೆ ಹೋದದ್ದೇ ತಡ, ರೊಟ್ಟಿ, ಹಿಂಡಿ ಎರಡನ್ನೂ ನನ್ನ ಚೀಲಕ್ಕೆ ತುರುಕಿ ಖಾಲಿ ಬಟ್ಟೆ ಕೊಡವಿ ಮಡಚಿಟ್ಟೆ. ಬಂದು ಬಟ್ಟೆ ನೋಡಿದಳು.

"ಖಾಲಿ ಆದ್ವಾ ಅಕ್ಕಾ?"

"ಎಲ್ಲಾರಕಿಂತ ಮೊದಲ ನಿನ್ನವೇ ಮುಗದ್ವು."

ಆಕೆಯ ಮುಖ ಅರಳಿದ್ದನ್ನು ನೋಡಿ, ಒಳ್ಳೆಯ ಕೆಲಸ ಮಾಡಿದೆ ಎಂದೇ ಅಂದುಕೊಂಡೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಮರುದಿನ ಬೆಳಿಗ್ಗೆ ಸಿಟಿ ಬಸ್ಸು ಹತ್ತಿ ಶರಣಬಸವೇಶ್ವರ ಗುಡಿಗೆ ಹೋಗಿ, ಬಾಗಿಲಲ್ಲಿ ಕೂತ ಮುದುಕಿಯರಿಗೆ ಆ ರೊಟ್ಟಿ ಹಂಚಿದೆ. ಅನ್ನ ಚೆಲ್ಲಲಿಲ್ಲ ಎಂಬ ಪುಣ್ಯವೂ ಬಂತು.

ಎರಡನೆಯ ವಾರದಿಂದ ಹೊಸ ಪದ್ಧತಿ ಮಾಡಿದೆ. ಬುತ್ತಿಗಳನ್ನು ಹಾಲಿನಲ್ಲಿ ಬಿಚ್ಚುವುದು ಬೇಡ, ನಾನೇ ಅಡುಗೆಮನೆಯಲ್ಲಿ ಬಿಚ್ಚಿ ಪರಾತಗಳಲ್ಲಿ ಹೊಂದಿಸಿ ತರುತ್ತೇನೆ ಎಂದೆ. ಆಕೆಯ ರೊಟ್ಟಿ ಪರಾತಕ್ಕೆ ಬರಲೇ ಇಲ್ಲ. ಯಾಕೆ ಕಾಣುತ್ತಿಲ್ಲ ಎಂದು ಹುಡುಗಿಯರು ಒಬ್ಬರೂ ಕೇಳಲಿಲ್ಲ. ಆಕೆ ಮಾತ್ರ ಊರಿಗೆ ಹೇಳಿ ಕಳಿಸಿದ್ದಳು. ಎಂಟು ರೊಟ್ಟಿ ಬರುತ್ತಿದ್ದ ಗಂಟಿನಲ್ಲಿ ಹದಿನಾರು ಬಂದವು, ಆಮೇಲೆ ಇಪ್ಪತ್ತು. "ನಮ್ಮವ್ವ ನಸಿಕಿನ್ಯಾಗ ಎದ್ದು ಬಡೀತಾಳಕ್ಕಾ. ನನ್ನ ಮಗಳ ಗೆಳತ್ಯಾರು ತಿಂತಾರಂತ ಇಡೀ ಓಣಿಗೆ ಹೇಳ್ಯಾಳ" ಎಂದಳು. ಸೋಮವಾರದ ನನ್ನ ಚೀಲ ಭಾರವಾಗುತ್ತ ಹೋಯಿತು. ಈಗ ಹೇಳಿಬಿಡಬೇಕು ಅನ್ನಿಸುತ್ತಿತ್ತು, ಆದರೆ ಹೇಳಿದರೆ ಸಂಜೆ ನನ್ನ ಬಾಗಿಲಿಗೆ ಬರುವವರು ಯಾರು? ಅವಳ ಮನಸ್ಸು ನೋಯಬಾರದು ಎಂದು ಸುಮ್ಮನಿದ್ದೆ ಅಂತ ಬಹಳ ದಿನ ಹೇಳಿಕೊಂಡಿದ್ದೇನೆ. ನಿಜ ಹೇಳಬೇಕೆಂದರೆ ಇದ್ದೊಬ್ಬ ಗೆಳತಿಯನ್ನು ಕಳೆದುಕೊಳ್ಳುವ ಹೆದರಿಕೆ ನನ್ನದು.

ನಡುವೆ ಆಯಿಯ ಕಾಗದ ಬಂತು. ಕಮಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಬುತ್ತಿ ಕೊಡಲು ಹೋದಾಗ ಆ ಹುಡುಗಿಯ ತಾಯಿ ದೂರದಿಂದಲೇ ಕೈ ಮುಗಿದು, ನಿಮ್ಮ ಮಗಳು ದೊಡ್ಡಾಕಿ ಎಂದಳಂತೆ. ಕೊನೆಯ ಸಾಲು ಹೀಗಿತ್ತು: "ಯಾರು ತಿಂದರೋ ಬಿಟ್ಟರೋ, ನೀ ಮಾತ್ರ ಬಾಯಿಗೆ ಹಾಕಬ್ಯಾಡ." ತಿಂದಿಲ್ಲ, ಚಿಂತೆ ಮಾಡಬೇಡ ಎಂದು ಉತ್ತರ ಬರೆದೆ. ಆ ಇಡೀ ವರ್ಷದಲ್ಲಿ ನಾನು ಬರೆದ ಒಂದೇ ಸತ್ಯ ಅದು.

ಪರೀಕ್ಷೆ ಹತ್ತಿರ ಬಂದಾಗ ಗುಡಿಗೆ ಹೋಗಿ ಬರೋಣ ಎಂದು ಆಕೆಯೇ ಕರೆದಳು. ಗುರುವಾರ ಸಂಜೆ. ಸೋಮವಾರವಲ್ಲವಲ್ಲ ಎಂದು ನಾನು ಧೈರ್ಯವಾಗಿ ಹೊರಟೆ. ಬಾಗಿಲ ಹತ್ತಿರ ಮುದುಕಿಯೊಬ್ಬಳು ನನ್ನ ಸೀರೆಯ ಸೆರಗು ಹಿಡಿದಳು.

"ಯವ್ವಾ, ಇವತ್ತ ರೊಟ್ಟಿ ತಂದಿಲ್ಲೇನು? ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಭಾಳ ರುಚಿ ಇರ್ತಾವ ನೋಡು. ಹಲ್ಲಿಲ್ಲ ನನಗ, ನೀರಾಗ ನೆನಸಿ ತಿಂತೀನಿ. ಹಿಂಡಿ ಯಾರು ಕುಟ್ಟತಾರವ್ವಾ?"

ನಾನು ಆಕೆಯ ಕಡೆ ನೋಡಲಿಲ್ಲ. ಆಕೆ ಮುದುಕಿಗೆ ಉತ್ತರ ಕೊಟ್ಟಳು: "ನಮ್ಮವ್ವ ಕುಟ್ಟತಾಳ." ಅಷ್ಟೇ. ಒಳಗೆ ಹೋಗಿ ಕಾಯಿ ಒಡೆಸಿದೆವು. ಬಸ್ಸಿನಲ್ಲಿ ಆಕೆ ಕಿಟಕಿಗೆ ಮುಖ ಮಾಡಿ ಕೂತಳು. ಹಾಸ್ಟೆಲಿನ ಗೇಟು ದಾಟಿದ ಮೇಲೆ ಕೇಳಿದಳು.

"ಮೊದಲನೇ ವಾರದಿಂದನಾ?"

ಹೂಂ ಎಂದೆ. ನಿನಗೆ ನೋವಾಗಬಾರದು ಅಂತ ಮಾಡಿದೆ ಎಂದು ಶುರು ಮಾಡಿದೆ. ಕೈಯೆತ್ತಿ ನಿಲ್ಲಿಸಿದಳು.

"ಎರಡನೇ ವಾರನೂ ಅಲ್ಲೇ ಇಟ್ಟಿದ್ರ, ಮೂರನೇ ವಾರನೂ ಇಟ್ಟಿದ್ರ, ಯಾರರೆ ಒಬ್ಬಾಕಿ ಕೈ ಹಾಕ್ತಿದ್ಲೇನೋ ಅಕ್ಕೋರ. ಹಾಕ್ತಿದ್ದಿಲ್ಲೇನೋ. ನೀವು ನೋಡಾಕರೆ ಬಿಡಬೇಕಿತ್ತು." ಹೊರಟವಳು ತಿರುಗಿ, "ಯಾರೂ ಬ್ಯಾಡ. ನೀವೊಬ್ಬರು ತಿಂದಿದ್ರ ಸಾಕಿತ್ತು ನನಗ" ಎಂದಳು.

ಮುಂದಿನ ರವಿವಾರ ಆಕೆಯ ಬಾಗಿಲು ಬಡಿದೆ. ಕೊಡು, ನಾನು ತಿನ್ನುತ್ತೇನೆ, ಎಲ್ಲರ ಮುಂದೆ ಕೂತು ತಿನ್ನುತ್ತೇನೆ ಎಂದೆ. ಆಕೆಗೆ ಸಿಟ್ಟಿದ್ದಂತೆ ಕಾಣಲಿಲ್ಲ. ಸಿಟ್ಟಾದರೂ ಮಾಡಬಾರದಿತ್ತೇ ಎಂದು ಇವತ್ತಿಗೂ ಅನ್ನಿಸುತ್ತದೆ. "ಈಗ ಬ್ಯಾಡ್ರಿ. ಈಗ ತಿಂದ್ರ ಔಷಧ ಕುಡದಂಗ ಆಗತದ. ಹಸದವರಿಗೇ ಹೋಗಲಿ. ಅವ್ವಗ ಮಾತ್ರ ಹೇಳಬ್ಯಾಡ್ರಿ, ಆಕಿ ಮಾಡೋದು ನಿಲ್ಲಸ್ತಾಳ" ಎಂದಳು. ಅಂದಿನಿಂದ ಗುಡಿಗೆ ರೊಟ್ಟಿ ತಾನೇ ಒಯ್ದಳು. ನನ್ನ ರೂಮಿಗೆ ಮತ್ತೆ ಬರಲಿಲ್ಲ. ಸಂಜೆ ಹೊತ್ತು ಟಾಕಿಗೆ ನೀರು ಬೀಳುವ ಸಪ್ಪಳ ಕೇಳುತ್ತ ನಾನು ಓದುತ್ತಿದ್ದೆ, ಬಾಗಿಲು ತೆರೆದೇ ಇಟ್ಟಿರುತ್ತಿದ್ದೆ. ಹಾಲಿನಲ್ಲಿ ಕೂಡಿ ಉಣ್ಣುವುದು ಭರ್ಜರಿಯಾಗಿ ನಡೆದಿತ್ತು. ನೋಡಲು ಬಂದ ಸಾಹೇಬರೊಬ್ಬರಿಗೆ ಮೇಡಂ ನನ್ನನ್ನು ಮುಂದೆ ನಿಲ್ಲಿಸಿ ತೋರಿಸಿದರು.

ಪರೀಕ್ಷೆ ಮುಗಿದು ಹಾಸ್ಟೆಲ್ ಖಾಲಿ ಮಾಡುವ ದಿನ ಆಕೆಯ ತಾಯಿ ಕರೆದೊಯ್ಯಲು ಬಂದಿದ್ದಳು. ರೂಮಿನ ಕೀಲಿ ವಾಪಸು ತೆಗೆದುಕೊಳ್ಳುವುದು ನನ್ನ ಕೆಲಸವಾದ್ದರಿಂದ ಹೋಗಲೇಬೇಕಾಯಿತು. ಆಕೆ ನೆಲದ ಮೇಲೆ ಹಾಸಿಗೆ ಸುತ್ತುತ್ತಿದ್ದಳು. ತಾಯಿ ನನ್ನನ್ನು ನೋಡಿ ಎದ್ದು ನಿಂತು, "ನೀವೇ ಅಲ್ರೀ ಆ ಅಕ್ಕೋರು!" ಎಂದು ಗಂಟು ಬಿಚ್ಚಿದಳು. ಕೈ ಸುಟ್ಟು ಬೊಬ್ಬೆ ಒಣಗಿದ ಕಲೆ ಹೆಬ್ಬೆರಳಿನ ಮೇಲಿತ್ತು.

"ಇಷ್ಟು ದಿನ ತಿಂದೀರಿ, ನಾ ನೋಡಿಲ್ಲ. ಒಂದರೆ ನನ್ನ ಕಣ್ಣ ಮುಂದ ತಿನ್ರಿ ತಾಯಿ."

ತೆಗೆದುಕೊಂಡೆ. ಮುರಿದು, ಹಿಂಡಿ ಹಚ್ಚಿ ಬಾಯಿಗೆ ಹಾಕಿಕೊಂಡೆ. ಎಳ್ಳು ಹದವಾಗಿ ಹುರಿದಿತ್ತು, ಬೆಳ್ಳುಳ್ಳಿ ಘಮ್ಮೆಂದಿತು. ಬಹಳ ರುಚಿಯಾಗಿತ್ತು.

"ಈ ಸಲ ಸಜ್ಜಿ ಬ್ಯಾರೆ ಅದ ರೀ. ಮೊದಲಿನಂಗ ಆಗ್ಯಾವೋ ಇಲ್ಲೋ?" ಎಂದು ತಾಯಿ ನನ್ನ ಮುಖವನ್ನೇ ನೋಡುತ್ತ ಕೇಳಿದಳು.

"ಮೊದಲಿನಂಗೇ ಅದಾವ್ರೀ" ಎಂದೆ. ಆಕೆ ಹಾಸಿಗೆಗೆ ಹಗ್ಗ ಬಿಗಿಯುತ್ತಿದ್ದಳು, ತಲೆ ಎತ್ತಲಿಲ್ಲ.