ನಿಲ್ಲುವುದನ್ನು ಕಲಿತ ಕುದುರೆ

ಮೂವತ್ತೊಂದು ವರ್ಷ ನಾನು ಸರ್ಕಾರಿ ಬಸ್ ಓಡಿಸಿದೆ. ಆಳಂದ, ಅಫಜಲಪುರ, ಜೇವರ್ಗಿ, ಹೆಚ್ಚೆಂದರೆ ಕಲಬುರಗಿ. ನನ್ನ ಲೋಕ ಇಷ್ಟೇ. ಈ ರಸ್ತೆಗಳಲ್ಲಿ ನನಗೆ ಎಲ್ಲರಿಗಿಂತ ಹೆಚ್ಚು ಸಿಟ್ಟು ಬರಿಸಿದವರು ಕುರಿಗಾರರು. ತೊಗರಿ ರಾಶಿ ಮುಗಿಯುತ್ತಿದ್ದಂತೆ ನೂರಾರು ಕುರಿ, ನಾಲ್ಕು ನಾಯಿ, ಸಾಮಾನು ಹೊತ್ತ ಒಂದೆರಡು ಗಿಡ್ಡ ಕುದುರೆಗಳ ಜೊತೆ, ಡಾಂಬರು ರಸ್ತೆ ತಮ್ಮಪ್ಪನದು ಎಂಬಂತೆ ನಡೆದು ಬರುತ್ತಿದ್ದರು. ನಾನು ಬಸ್ಸು ನಿಧಾನ ಮಾಡುತ್ತಿರಲಿಲ್ಲ. ಹಾರನ್ ಮೇಲಿಟ್ಟ ಕೈಯನ್ನು ಎತ್ತುತ್ತಿರಲಿಲ್ಲ, ಅಷ್ಟೆ. ಹಾರನ್ ಕೇಳಿದ ಪ್ರಾಣಿ ದಾರಿ ಬಿಟ್ಟು ಓಡುತ್ತದೆ. ಓಡೇ ಓಡುತ್ತದೆ ಎಂಬ ಭರವಸೆಯಲ್ಲೇ ಡ್ರೈವರನ ಕಾಲು ಬ್ರೇಕಿನಿಂದ ದೂರ ಇರುತ್ತದೆ. ಇದನ್ನು ತರಬೇತಿಯಲ್ಲಿ ಯಾರೂ ಹೇಳಿಕೊಡುವುದಿಲ್ಲ, ರಸ್ತೆಯೇ ಕಲಿಸುತ್ತದೆ.

ನಿವೃತ್ತಿಯಾಗಿ ಹೊಲಕ್ಕೆ ಬಂದು ಕೂತ ಮೇಲೆ ಅದೇ ಕುರಿಗಾರರ ಕೈಕಾಲು ಹಿಡಿಯುವ ಕಾಲ ಬಂತು. ನಮ್ಮ ಹೊಲ ಅಫಜಲಪುರದಿಂದ ಗಾಣಗಾಪುರದ ಕಡೆಗೆ ಹೋಗುವ ರಸ್ತೆಗೆ ಹತ್ತಿಕೊಂಡೇ ಇದೆ. ಗೊಬ್ಬರಕ್ಕೆಂದು ನಾಲ್ಕು ದಿನ ಹೊಲದಲ್ಲಿ ಕುರಿ ತರುಬಿಸಿ, ಬದಲಿಗೆ ಜೋಳ ಕೊಡುವುದು ನಮ್ಮ ಕಡೆಯ ಪದ್ಧತಿ. ಪ್ರತಿ ವರ್ಷ ಒಂದೇ ಗಂಡ ಹೆಂಡತಿ ಬರುತ್ತಿದ್ದರು. ಗಡಿಯಾಚೆಯ ಮಹಾರಾಷ್ಟ್ರದವರು, ಮನೆಯಲ್ಲಿ ಮರಾಠಿ, ನಮ್ಮ ಜೊತೆ ಕನ್ನಡ. ಮೊದಲ ಸಲ ನನ್ನನ್ನು ಕಂಡಾಗಲೇ ಅವನು ನಕ್ಕುಬಿಟ್ಟ.

"ಡ್ರೈವರ್ ಸಾಬ್ರ, ನಿಮ್ಮ ಬೈಗುಳ ನಮ್ಮ ನಾಯಿಗೋಳಿಗೂ ಗುರ್ತ ಅದಾವ್ರಿ."

ಮೂರು ವರ್ಷದ ಹಿಂದೆ ಬಂದಾಗ, ಸಾಮಾನು ಹೊರುವ ದೊಡ್ಡ ಕುದುರೆಯ ಜೊತೆ, ಅದುವರೆಗೆ ಅವರ ಊರಲ್ಲೇ ಬೆಳೆದ ಇನ್ನೊಂದು ಕುದುರೆಯೂ ಬಂದಿತ್ತು. ಇನ್ನೂ ಮೂರು ತುಂಬದ ಹೆಣ್ಣು ಮರಿ. ಕೆಂಗಂದು ಮೈ, ಹಣೆಯ ಮೇಲೆ ಬೆರಳೊತ್ತಿದಷ್ಟು ಬಿಳಿ. ಎಡಗಡೆ ಮುಂಗಾಲನ್ನು ನೆಲಕ್ಕೆ ಊರದೆ, ತುದಿ ಮಾತ್ರ ತಾಗಿಸಿ ನಿಂತಿತ್ತು. ಮೇಯಲು ಬಿಟ್ಟ ಕುದುರೆ ದೂರ ಹೋಗಬಾರದೆಂದು ಕುರಿಗಾರರು ಅದರ ಎರಡೂ ಮುಂಗಾಲುಗಳನ್ನು ಮೊಳದುದ್ದದ ಹಗ್ಗದಿಂದ ಜೋಡಿಸಿ ಕಟ್ಟುತ್ತಾರೆ. ಹಾಗೆ ಕಟ್ಟಿದ್ದಾಗ ಹಿಂದಿನಿಂದ ಲಾರಿಯೊಂದು ಹಾರನ್ ಹೊಡೆದಿದೆ. ಬೆದರಿದ ಮರಿ ಓಡಲು ಹೋಗಿ, ಕಾಲು ಸಿಕ್ಕು ಮಗುಚಿ ಬಿದ್ದಿದೆ.

"ಬರಿ ಹಾಕ್ತೇನ್ರಿ. ಎರಡ ದಿನದಾಗ ಆರಾಮ ಆಗ್ತದ," ಎಂದ ಅವನು. ಬರೆ ಅಂದರೆ ಕಾಸಿದ ಕಬ್ಬಿಣ. ಆಗಲೇ ಒಲೆಯಲ್ಲಿ ಕುಡುಗೋಲು ಇಟ್ಟಿದ್ದ. ನನಗೆ ಪಿತ್ತ ನೆತ್ತಿಗೇರಿತು. ಕುಡುಗೋಲನ್ನು ಒಲೆಯಿಂದೆಳೆದು ಹೊಲದೊಳಗೆ ಬಿಸಾಡಿ, ಅಫಜಲಪುರದ ದನದ ದವಾಖಾನೆಯ ಡಾಕ್ಟರಮ್ಮನಿಗೆ ಫೋನ್ ಮಾಡಿದೆ.

ಆಕೆ ಬಂದು ಕಾಲು ಒತ್ತಿ ನೋಡಿದರು. ಎಲುಬು ಮುರಿದಿಲ್ಲ, ಗೊರಸಿನ ಮೇಲಿನ ನರ ಎಳೆದಿದೆ ಎಂದರು. ಎರಡೂ ಹೊತ್ತು ತಣ್ಣೀರು, ತಿಂಗಳೊಪ್ಪತ್ತು ವಿಶ್ರಾಂತಿ, ಆಮೇಲೆ ಮೆತ್ತನೆ ಮಣ್ಣಿನಲ್ಲಿ ನಿಧಾನ ನಡಿಗೆ. ಹೊರಡುವಾಗ ಮತ್ತೊಂದು ಮಾತು ಹೇಳಿದರು: "ಬೆದರಿ ಹಾರಬಾರದ್ರಿ. ಒಂದ ಸಲ ಹಾರಿದ್ರ ಮತ್ತ ಮೊದಲಿಂದ ಸುರು."

ಕುರಿಹಿಂಡು ತಿಂಗಳೊಪ್ಪತ್ತು ಒಂದು ಕಡೆ ನಿಲ್ಲಲು ಸಾಧ್ಯವೇ? ಅವರು ಜೇವರ್ಗಿ ಕಡೆಗೆ ಹೋಗಬೇಕಿತ್ತು. ಕುಂಟು ಕುದುರೆಯನ್ನು ಕೊಳ್ಳುವವರೂ ಇಲ್ಲ. ನಡೆಯಲಾಗದ ಪ್ರಾಣಿಯನ್ನು ದಾರಿಯಲ್ಲಿ ಬಿಟ್ಟು ಹೋಗುವುದೇ ಅವರಿಗೆ ಉಳಿದಿದ್ದ ದಾರಿ. ಕುರಿಗಾರನ ಹೆಂಡತಿ ಕುದುರೆಯ ಕೊರಳು ತಬ್ಬಿ ನಿಂತಿದ್ದಳು. ತಾಯಿ ಸತ್ತ ಮರಿಯಂತೆ ಅದು. ಆಕೆಯೇ ಕುರಿಹಾಲು ಕುಡಿಸಿ ಸಾಕಿದ್ದಳಂತೆ.

"ಇಲ್ಲೇ ಬಿಟ್ಟು ಹೋಗ್ರಿ," ಎಂದೆ. "ಬಸವ ಜಯಂತಿ ಹೊತ್ತಿಗೆ ಹೊಳ್ಳಿ ಬರ್ತೀರಲ್ಲ, ನಡಿಸಿಕೊಂಡ ಹೋಗೂವಂತ್ರಿ. ನಾ ನೋಡ್ಕೋತೇನಿ."

ಕುದುರೆಯ ಬಗ್ಗೆ ನನಗೆ ಏನು ಗೊತ್ತಿತ್ತು? ಏನೂ ಇಲ್ಲ. ಹೇಳಿದ್ದು ಹೇಳಿಯಾಗಿತ್ತು.

ಬೋರಿನ ನೀರು ಹರಿಯುವ ಕಾಲುವೆಯಲ್ಲಿ ಬೆಳಿಗ್ಗೆ ಅರ್ಧ ತಾಸು, ಸಂಜೆ ಅರ್ಧ ತಾಸು ಅದನ್ನು ನಿಲ್ಲಿಸುತ್ತಿದ್ದೆ. ನನ್ನ ನೆರಳು ಬಿದ್ದರೂ ಬೆದರುತ್ತಿತ್ತು. ಮೈಮುಟ್ಟಲು ನಾಲ್ಕು ದಿನ ಹಿಡಿಯಿತು. ಹೆಂಡತಿ ಕೊಟ್ಟ ತಂಗಳು ರೊಟ್ಟಿಯನ್ನು ಅಂಗೈಯಲ್ಲಿಟ್ಟು, ಬೇರೆ ಕಡೆ ಮುಖ ಮಾಡಿ ಕೂತರೆ ಮಾತ್ರ ಬಂದು ತಿನ್ನುತ್ತಿತ್ತು. ಮೂರನೆಯ ವಾರಕ್ಕೆ ಬಾವು ಇಳಿಯಿತು. ಕುಂಟು ಕುದುರೆ ನಡೆಯುವಾಗ ನೋಯುವ ಮುಂಗಾಲು ನೆಲ ಮುಟ್ಟಿದಾಗಲೆಲ್ಲ ತಲೆ ಮೇಲಕ್ಕೆತ್ತುತ್ತದೆ. ನಾನು ಕಾಲು ನೋಡುವುದು ಬಿಟ್ಟು ತಲೆಯನ್ನೇ ನೋಡುತ್ತಿದ್ದೆ. ದಿನ ಕಳೆದಂತೆ ಆ ಎತ್ತುವಿಕೆ ಸಣ್ಣದಾಗುತ್ತ ಬಂತು. ಮನೆಗೆ ಬಂದು ಹೆಂಡತಿಗೆ ಅದನ್ನೇ ವರದಿ ಒಪ್ಪಿಸುತ್ತಿದ್ದೆ. ಮೊಮ್ಮಗಳು ಹೆಜ್ಜೆಯಿಟ್ಟಾಗಲೂ ನಾನು ಅಷ್ಟು ಮಾತಾಡಿರಲಿಲ್ಲ ಎಂದು ಆಕೆ ಚುಚ್ಚಿದಳು.

ಅಷ್ಟರಲ್ಲಿ ಅಮಾವಾಸ್ಯೆ ಬಂತು. ಗಾಣಗಾಪುರದ ದತ್ತನಿಗೆ ಹೋಗುವ ಕಾರು, ಜೀಪುಗಳು ಬೆಳಗಿನಿಂದಲೇ ಸಾಲುಗಟ್ಟಿದವು. ನಡುವೆ ಕಬ್ಬಿನ ಟ್ರ್ಯಾಕ್ಟರು. ಒಬ್ಬ ಉದ್ದಕ್ಕೆ ಹಾರನ್ ಹೊಡೆದ. ಕುದುರೆ ಹಾರಿ, ಕಾಲುವೆಯ ಏರಿ ದಾಟಿ, ಎಡಗಾಲ ಮೇಲೇ ಕುಸಿಯಿತು. ಮತ್ತೆ ಬಾವು, ಮತ್ತೆ ಮೂರು ಕಾಲಿನ ನಡಿಗೆ. ಒಂದು ತಿಂಗಳ ದುಡಿಮೆ ಒಂದು ಹಾರನ್ನಿಗೆ ಮಣ್ಣುಪಾಲಾಯಿತು. ಏರಿಯ ಮೇಲೆ ಕೂತು ನಾನು ಅತ್ತೆ. ಆ ಡ್ರೈವರನ ಏಳು ತಲೆಮಾರನ್ನೂ ಬಿಡಲಿಲ್ಲ. ಬೈಯುತ್ತ ಬೈಯುತ್ತ, ಅದೇ ರಸ್ತೆಯಲ್ಲಿ ಅದೇ ಕೆಲಸವನ್ನು ನಾನೂ ಮೂವತ್ತೊಂದು ವರ್ಷ ಮಾಡಿದ್ದು ನೆನಪಾಯಿತು.

ಕಾಲಿಗಿಂತ ಮೊದಲು ಈ ಹೆದರಿಕೆ ವಾಸಿಯಾಗಬೇಕು ಎಂದು ಅವತ್ತೇ ನಿಶ್ಚಯಿಸಿದೆ. ಬೈಕನ್ನು ಹೊಲದ ಆ ತುದಿಗೆ ನಿಲ್ಲಿಸಿ ಹೆಂಡತಿಯನ್ನು ಅದರ ಬಳಿ ಕೂರಿಸಿದೆ. ಆಕೆ ಹಾರನ್ ಒತ್ತಬೇಕು. ಸದ್ದಾದ ಕೂಡಲೇ ನಾನು ಕುದುರೆಯ ಕೊರಳ ಮೇಲೆ ಕೈಯಿಟ್ಟು "ನಿಂದ್ರು" ಎನ್ನಬೇಕು. ಅಲುಗದೆ ನಿಂತರೆ ಅಂಗಿಯ ಎದೆ ಜೇಬಿನಿಂದ ಒಂದು ಚೂರು ಬೆಲ್ಲ. ಬೈಕು ದಿನಕ್ಕಿಷ್ಟು ಹತ್ತಿರ ಬಂತು.

"ಮೂವತ್ತು ವರ್ಸ ಹಾರನ್ ಹೊಡದು ಊರಿನ ದನಾ ಎಲ್ಲಾ ಓಡಿಸೀರಿ," ಎಂದು ಹೆಂಡತಿ ನಕ್ಕಳು. "ಈಗ ಅದೇ ಹಾರನ್ ಹೊಡದು ನಿಂದ್ರಸಾಕತ್ತೀರಿ. ಎಂಥಾ ಮನಷ್ಯಾರೋ ಏನೋ!"

ನಾನೂ ನಕ್ಕೆ. ಆಕೆ ನಗುತ್ತಾ ಹೇಳಿದ್ದರಲ್ಲಿ ಎಲ್ಲ ಇತ್ತು. ನನ್ನ ಕಿವಿಗೆ ಬೀಳಲಿಲ್ಲ.

ತಿಂಗಳೊಳಗೆ ರಸ್ತೆಯ ಅಂಚಿಗೇ ಕರೆದೊಯ್ದೆ. ಕಬ್ಬಿನ ಟ್ರ್ಯಾಕ್ಟರು ಹಾಡು ಹಾಕಿಕೊಂಡು ಬಂದರೂ ನಿಲ್ಲುತ್ತಿತ್ತು. ಲಾರಿ ಹಾರನ್ ಹೊಡೆದರೆ ನಡೆಯುತ್ತಿದ್ದದ್ದು ಗಕ್ಕನೆ ನಿಂತು, ಕೊರಳು ತಿರುಗಿಸಿ ನನ್ನ ಜೇಬಿಗೆ ಮೂತಿ ಹಾಕುತ್ತಿತ್ತು. ಮೂಗಿನ ಬಿಸಿ ಉಸಿರು ಅಂಗಿಯೊಳಗೆ ಬರುತ್ತಿತ್ತು. ಆ ಬೇಸಿಗೆಯಲ್ಲಿ ನನ್ನ ಎಲ್ಲ ಅಂಗಿಗಳ ಜೇಬೂ ಅಂಟು. ಹಾರುವುದು ನಿಂತ ಮೇಲೆ ಕಾಲು ತಾನಾಗಿಯೇ ಕೂಡುತ್ತ ಬಂತು. ಹರಗಿದ ಎರೆಮಣ್ಣಿನಲ್ಲಿ ನಡೆಸಿದೆ, ಆಮೇಲೆ ಬಂಡಿಜಾಡಿನಲ್ಲಿ, ಕೊನೆಗೆ ಡಾಂಬರಿನ ಮೇಲೆ. ಯುಗಾದಿಯ ಹೊತ್ತಿಗೆ ಅದರ ತಲೆ ನೆಟ್ಟಗಿತ್ತು.

ಹೇಳಿದಂತೆ ಕುರಿಗಾರರು ಹೊಳ್ಳಿ ಬಂದರು. ಕುದುರೆಯನ್ನು ಕಂಡು ಆಕೆ ಬಾಯಿಯ ಮೇಲೆ ಸೆರಗಿಟ್ಟುಕೊಂಡಳು. ನನಗೆ ಅಷ್ಟಕ್ಕೆ ಸಾಲಲಿಲ್ಲ. ನನ್ನ ಕೈಚಳಕ ತೋರಿಸಬೇಕಿತ್ತು. ಇಬ್ಬರನ್ನೂ ರಸ್ತೆಗೆ ಕರೆದೊಯ್ದು, ಬರುತ್ತಿದ್ದ ಲಾರಿಯವನಿಗೆ ಹಾರನ್ ಹೊಡೆಯುವಂತೆ ಕೈಸನ್ನೆ ಮಾಡಿದೆ. ಹಳೆಯ ಪರಿಚಯದವನು, ಜೋರಾಗಿಯೇ ಹೊಡೆದ. ಕುದುರೆ ಕಲ್ಲಿನಂತೆ ನಿಂತಿತು.

"ಇನ್ನ ಕಾಲಿಗೆ ಹಗ್ಗಾ ಕಟ್ಟಬ್ಯಾಡ ತಮ್ಮಾ," ಎಂದೆ. "ಇದು ಎಲ್ಲೀಗೂ ಓಡೂದಿಲ್ಲ. ಹಾರನ್ ಕೇಳಿದ್ರ ನಿಂತಬಿಡ್ತದ. ಸೆರಗಿನ್ಯಾಗ ಒಂದೀಟ ಬೆಲ್ಲಾ ಇಟ್ಕೋ ತಂಗಿ, ಸಾಕು."

"ಹೌದ್ರಿ ಅಣ್ಣಾರ," ಎಂದು ಆಕೆ ಆಗಲೇ ನನ್ನ ಕೈಯಿಂದ ಬೆಲ್ಲ ಇಸಿದುಕೊಂಡು ಗಂಟು ಹಾಕಿಕೊಂಡಳು. ಅವನು ಕಾಲುಹಗ್ಗವನ್ನು ನಮ್ಮ ಬೇವಿನ ಮರದ ಕೊಂಬೆಗೆ ಸಿಕ್ಕಿಸಿ ಬಿಟ್ಟು ಹೋದ. ಅಷ್ಟು ನಂಬಿದ ನನ್ನನ್ನು.

ಹಿಂಡು ಆಳಂದದ ದಾರಿ ಹಿಡಿದು, ಗಡಿ ಹತ್ತಿರದ ಖಜೂರಿ ದಾಟಿ ತಮ್ಮೂರು ಸೇರಬೇಕಿತ್ತು. ಹದಿನೈದು ದಿನ ಕಳೆದಿರಬೇಕು, ಬೆಳಿಗ್ಗೆ ಅವನ ಫೋನ್ ಬಂತು. "ಕುದುರಿ ಹೋತ್ರಿ ಸಾಬ್ರ," ಎಂದ. ಓಡಿಹೋಯಿತು ಎಂದುಕೊಂಡು ನಾನು ಬೈಯಲು ಬಾಯಿ ತೆರೆದೆ. "ಲಾರಿಗಿ ಸಿಕ್ತು," ಎಂದ.

ಬೈಕ್ ಹತ್ತಿ ಹೋದೆ. ಖಜೂರಿಯ ಈಚೆ, ಹೊಲವೊಂದರ ಬದುವಿನಲ್ಲಿ ಹೊಸ ಮಣ್ಣು ಇತ್ತು. ಊರವರೇ ಜೆಸಿಬಿ ತರಿಸಿ ಗುಂಡಿ ತೋಡಿಸಿ ಕೊಟ್ಟಿದ್ದರಂತೆ. ಗಂಡ ಹೆಂಡತಿ ಅದರ ಪಕ್ಕ ಕೂತಿದ್ದರು. ಆಕೆಯೇ ಹೇಳಿದಳು.

"ಹಿಂಡು ರೋಡ್ ದಾಟಾಕತ್ತಿತ್ರಿ ಅಣ್ಣಾರ. ಲಾರಿ ಬಂತು, ಹಾರನ್ ಹೊಡದ. ಕುರಿ ಎಲ್ಲಾ ಆಕಡೆ ಈಕಡೆ ಹಾರಿ ಹೋದವು. ದೊಡ್ಡ ಕುದುರೀನೂ ಹಾರ್ತು. ಇದು ನಟ್ಟನಡುವ ನಿಂತಬಿಡ್ತು. ನಿಂತು, ಹಿಂದ ತಿರುಗಿ ನನ್ನ ಸೆರಗ ನೋಡ್ತು. ನಾ ದೂರ ಇದ್ದೆ."

ಆ ಲಾರಿಯವನು ಬ್ರೇಕು ಏಕೆ ಹಾಕಲಿಲ್ಲ ಎಂದು ಇಬ್ಬರೂ ಅವನನ್ನು ಶಪಿಸುತ್ತಿದ್ದರು. ನನಗೆ ಗೊತ್ತಿತ್ತು ಏಕೆ ಹಾಕಲಿಲ್ಲ ಎಂದು. ಅದು ಓಡುತ್ತದೆ ಎಂದುಕೊಂಡಿದ್ದ. ನಾನಾಗಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ. ಹಾರನ್ ಅಂದರೆ ಓಡು ಎಂದು ಊರಿನ ನಾಯಿಗೂ ಗೊತ್ತು. ಅದೊಂದಕ್ಕೆ ಮಾತ್ರ ನಾನು ಹಾರನ್ ಅಂದರೆ ಬೆಲ್ಲ ಎಂದು ಕಲಿಸಿದ್ದೆ.

ಅವರು ನನ್ನನ್ನು ಬೈಯಲಿ ಎಂದು ಕಾದೆ. ಬೈಯಲಿಲ್ಲ. ಬದಲಿಗೆ ಅವನು ಹೇಳಿದ, "ದೊಡ್ಡದು ಗಬ್ಬ ಅದ್ರಿ. ಮುಂದಿನ ವರ್ಸ ಆ ಮರೀನ್ನ ತರ್ತೇವಿ. ಅದಕ್ಕೂ ಹಿಂಗ ಬುದ್ಧಿ ಕಲಿಸಿಕೊಡ್ರಿ ಸಾಬ್ರ."

ಆಗ ನನ್ನಿಂದ ತಡೆಯಲಾಗಲಿಲ್ಲ. "ನಾನಽ ಕೊಂದೇನಿ ತಮ್ಮಾ ಅದನ್ನ," ಎಂದೆ. "ಹೆದರೂದು ಬಿಡಿಸಬಾರದಿತ್ತು. ಆ ಮರಿ ಹೆದರ್ಲಿ. ಹಾರನ್ ಕೇಳಿದ್ರ ಓಡ್ಲಿ. ಕಾಲಿಗೂ ಹಗ್ಗಾ ಕಟ್ಟಬ್ಯಾಡ, ನನ್ನ ಕಡೀಗೂ ತರಬ್ಯಾಡ."

ಅವನು ಕೋಲಿನಿಂದ ಮಣ್ಣು ಕೆದರಿದ. ಅರ್ಥವಾಯಿತೆಂದು ಅವನ ಮುಖದಲ್ಲಿ ಕಂಡಿತು. ನಾನು ಎದ್ದು ನಿಂತೆ. ಏನು ಹೇಳಬೇಕೆಂದು ತಿಳಿಯದೆ, ಹುಚ್ಚನಂತೆ, ಕಾಲು ಹೇಗಿತ್ತು ಎಂದು ಕೇಳಿದೆ.

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಮುಖ ನೋಡಿದಳು. ಸಮಾಧಾನ ಮಾಡುವಂತೆ, ಮೆಲ್ಲಗೆ ಹೇಳಿದಳು:

"ಕಾಲ ಛಲೋ ಇತ್ರಿ ಅಣ್ಣಾರ. ನಿಮ್ಮ ಹೊಲಾ ಬಿಟ್ಟ ಮ್ಯಾಲ ಒಂದ ದಿನಾನೂ ಕುಂಟಲಿಲ್ಲ."