ಗಿರಿಜತ್ತೆಯ ಗೋಡೆ

ಹುಣಸೆ ಬೀಜದ ಅಂಟು ಕುದಿಯುವಾಗ ಏಳುವ ವಾಸನೆಯನ್ನು ಯಾರೂ ಸುವಾಸನೆ ಎನ್ನಲಾರರು. ಹುರಿದ ಬೀಜದ ಒಗರು, ಗಂಜಿಯ ಬೆಚ್ಚನೆಯ ಹಸಿ ವಾಸನೆ, ಸ್ವಲ್ಪ ತಳ ಹಿಡಿದರಂತೂ ಸೀದ ರೊಟ್ಟಿಯ ಘಾಟು, ಎಲ್ಲ ಕಲೆತು ಮನೆಯ ಮೂಲೆ ಮೂಲೆಗೂ ಹೊಕ್ಕು ಕೂರುತ್ತದೆ. ಮೊನ್ನೆ ಸರಸ್ವತಿ ನಗರದ ನಮ್ಮ ಮನೆಯಲ್ಲಿ ಅದನ್ನು ಕಾಯಿಸುತ್ತ ನಿಂತಿದ್ದೆ. ನಾನು ಪ್ರಾಥಮಿಕ ಶಾಲೆಯಲ್ಲಿ ಚಿತ್ರಕಲೆ ಕಲಿಸುವವಳು. ಮೂರನೇ ತರಗತಿಯ ಮಕ್ಕಳಿಗೆ ತಾವೇ ಬಣ್ಣ ಕಲಸುವುದನ್ನು ತೋರಿಸುತ್ತೇನೆಂದು ಹೇಳಿದ್ದೆ. ಮಗಳು ಮೂಗು ಹಿಡಿದುಕೊಂಡು ಬಂದು ಕಿಟಕಿ ತೆಗೆದು ಹೋದಳು. ನಾನು ಪಾತ್ರೆಯ ಮೇಲೆ ಬಗ್ಗಿ ಎದೆ ತುಂಬ ಉಸಿರೆಳೆದುಕೊಂಡೆ. ಅಷ್ಟೇ ಸಾಕಾಯಿತು. ವಿನೋಬನಗರದ ಓಣಿ, ಅದರ ತಿರುವಿನಲ್ಲಿದ್ದ ನಮ್ಮ ಹೆಂಚಿನ ಮನೆ, ಬೀದಿಗೆ ಮುಖ ಮಾಡಿದ್ದ ಉದ್ದನೆಯ ಗೋಡೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಒಲೆಯ ಮುಂದೆ ಕೂತು ಅಂಟು ತಿರುವುತ್ತಿದ್ದ ಗಿರಿಜತ್ತೆ, ಎಲ್ಲವೂ ಒಮ್ಮೆಲೇ ಕಣ್ಣ ಮುಂದೆ ಬಂದು ನಿಂತವು. ನಿಮಗೂ ಇಂಥದೊಂದು ಮನೆ ಇದ್ದಿರಬಹುದು. ಇದ್ದರೆ, ನನಗೆ ಆಗ ಆದದ್ದೇನೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಗಿರಿಜತ್ತೆ ಅಪ್ಪನ ತಂಗಿ. ಹರಿಹರದ ಒಂದು ಪ್ರಾಥಮಿಕ ಶಾಲೆಯಲ್ಲಿ ಚಿತ್ರಕಲೆಯ ಟೀಚರ್. ಬೆಳಿಗ್ಗೆ ಅವಸರದಲ್ಲಿ ರೊಟ್ಟಿ ಸುತ್ತಿಕೊಂಡು ಬಸ್ಸು ಹಿಡಿಯುತ್ತಿದ್ದಳು, ಸಂಜೆ ಬರುವಾಗ ಉಗುರಿನ ಸಂದಿಯಲ್ಲಿ ಯಾವುದಾದರೊಂದು ಬಣ್ಣ ಹೊತ್ತು ತರುತ್ತಿದ್ದಳು. ಭಾನುವಾರ ಅವಳಿಗೆ ರಜೆ ಇರಲಿಲ್ಲ. ಅವತ್ತು ನಮ್ಮ ಓಣಿಯ ಮಕ್ಕಳೆಲ್ಲ ನಮ್ಮ ಮನೆಯ ಕಟ್ಟೆಯ ಮೇಲೆ ಸೇರುತ್ತಿದ್ದೆವು. ಮೊದಲ ಭಾನುವಾರ ನಾವೆಲ್ಲ ಬರೆದದ್ದು ಒಂದೇ ಚಿತ್ರ: ಎರಡು ಗುಡ್ಡ, ನಡುವೆ ಮೂಡುವ ಸೂರ್ಯ, ಗುಡ್ಡದಿಂದ ಇಳಿದು ಬರುವ ನದಿ, ಪಕ್ಕದಲ್ಲೊಂದು ಗುಡಿಸಲು. ಅತ್ತೆ ಒಂದೊಂದನ್ನೂ ಎತ್ತಿ ನೋಡಿದಳು. ಆಮೇಲೆ ಬಹಳ ಗಂಭೀರವಾಗಿ, "ನಮ್ಮ ಓಣ್ಯಾಗೆ ಈ ಗುಡ್ಡ ಎಲ್ಲೈತ್ರೇ? ನಾನು ಇಷ್ಟು ವರ್ಷದಿಂದ ಇಲ್ಲೇ ಅದೀನಿ, ನೋಡೇ ಇಲ್ಲ. ಬರ್ರಿ, ತೋರಿಸ್ರಿ" ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು. ನಾವು ನಗುತ್ತ ಹಿಂದೆ ಓಡಿದೆವು. ಗುಡ್ಡ ಸಿಗಲಿಲ್ಲ. ಸಿಕ್ಕಿದ್ದು ಆಟೋದ ಕೆಳಗೆ ಮಲಗಿದ್ದ ನಾಯಿ, ಬಾವಿಗಟ್ಟೆಯ ಮೇಲೆ ಬಟ್ಟೆ ಒಗೆಯುತ್ತಿದ್ದ ಹೆಂಗಸರು, ಮಂಡಕ್ಕಿ ಹುರಿಯುವ ಭಟ್ಟಿಯ ಕೊಳವೆಯಿಂದ ಸುರುಳಿಯಾಗಿ ಏಳುತ್ತಿದ್ದ ಕಪ್ಪು ಹೊಗೆ. ವಾಪಸು ಬಂದು ಅವನ್ನೇ ಬರೆದೆವು. ದಿನಾ ಕಂಡದ್ದನ್ನು ಮೊದಲ ಸಲ ಕಂಡ ಹಾಗಿತ್ತು. ಆ ರಾತ್ರಿ ಊಟಕ್ಕೆ ಕೂತಾಗಲೂ ನನ್ನ ಬೆರಳು ತಟ್ಟೆಯ ಅಂಚಿನಲ್ಲಿ ನಾಯಿಯ ಬಾಲವನ್ನು ತಿದ್ದುತ್ತಲೇ ಇತ್ತು.

ಅತ್ತೆಯ ಪಾಠಶಾಲೆಯಲ್ಲಿ ರಬ್ಬರಿಗೆ ಪ್ರವೇಶವಿರಲಿಲ್ಲ. ಗೆರೆ ತಪ್ಪಿದರೆ ಆ ತಪ್ಪು ಗೆರೆಯಿಂದಲೇ ಇನ್ನೇನಾದರೂ ಮಾಡಬೇಕು. ಹಸುವಿನ ಕೊಂಬು ಉದ್ದವಾದರೆ ಅದರ ಮೇಲೊಂದು ಕಾಗೆ ಬಂದು ಕೂರುತ್ತಿತ್ತು. ಅಂಗಡಿಯ ಬಣ್ಣ ಎಲ್ಲರ ಮನೆಗೂ ಎಟುಕುತ್ತಿರಲಿಲ್ಲವಾದ್ದರಿಂದ ಬಣ್ಣವನ್ನೂ ನಾವೇ ಮಾಡುತ್ತಿದ್ದೆವು. ಅರಿಶಿನ, ಕೆಮ್ಮಣ್ಣು, ಬಿಳಿ ಬಟ್ಟೆಗೆ ಹಾಕುವ ನೀಲಿ, ಅವರೆ ಎಲೆ ಅರೆದು ಹಿಂಡಿದ ಹಸಿರು. ಕಪ್ಪಿಗಂತೂ ನಮ್ಮ ಊರಲ್ಲಿ ಬರವೇ ಇರಲಿಲ್ಲ. ಮಂಡಕ್ಕಿ ಭಟ್ಟಿಯ ಗೋಡೆಯನ್ನು ತೆಂಗಿನ ಚಿಪ್ಪಿನಿಂದ ಕೆರೆದರೆ ಮಸಿ ಉದುರುತ್ತಿತ್ತು. ಎಲ್ಲವನ್ನೂ ಹುಣಸೆ ಬೀಜದ ಅಂಟಿನಲ್ಲಿ ಕಲಸುವುದು, ತುದಿ ಜಗಿದ ಬೇವಿನ ಕಡ್ಡಿಯಿಂದ ಬಳಿಯುವುದು. ಹಳದಿಗೆ ನೀಲಿ ಬಿದ್ದು ಮೊದಲ ಸಲ ಹಸಿರಾದಾಗ ದರ್ಜಿಯ ಮಗಳು ನಸೀಮಾ ಕಿರುಚಿಕೊಂಡು ಎದ್ದು ನಿಂತಿದ್ದಳು. ಆ ಕಿರುಚಾಟಕ್ಕೆ ಹೆದರಿ ಅವ್ವ ಅಡಿಗೆಮನೆಯಿಂದ ಓಡಿ ಬಂದರೆ, ಅತ್ತೆ ಮಕ್ಕಳ ನಡುವೆ ಕೂತು ಚಪ್ಪಾಳೆ ತಟ್ಟುತ್ತಿದ್ದಳು.

ಈ ಗದ್ದಲವೆಲ್ಲ ಅಜ್ಜನಿಗೆ ಹಿಡಿಸುತ್ತಿರಲಿಲ್ಲ. ಹತ್ತಿ ಮಿಲ್ಲಿನಲ್ಲಿ ದುಡಿದು ನಿವೃತ್ತನಾಗಿದ್ದ ಅಜ್ಜ ಅಚ್ಚುಕಟ್ಟಿನ ಮನುಷ್ಯ. ಅವನ ಪಂಚೆಯ ಮಡಿಕೆಯೂ ಮೀಸೆಯ ತುದಿಯೂ ಒಂದೇ ಹದದಲ್ಲಿ ಇರುತ್ತಿದ್ದವು. ಅದಕ್ಕಿಂತ ಹೆಚ್ಚಾಗಿ ಅವನಿಗೆ ಮಗಳ ಮದುವೆಯ ಚಿಂತೆ. ಬಂದ ಸಂಬಂಧಗಳು ಒಂದಲ್ಲ ಒಂದು ಕಾರಣಕ್ಕೆ ತಿರುಗಿ ಹೋಗಿದ್ದವು. "ಬಣ್ಣ ಮೆತ್ತಿದ ಕೈ ನೋಡಿ ಯಾರು ಒಪ್ತಾರೆ?" ಎಂದು ಗೊಣಗುತ್ತಿದ್ದ. ಅಂಥದ್ದರಲ್ಲಿ ರಾಣೆಬೆನ್ನೂರಿನ ಕಡೆಯ ಒಂದು ಒಳ್ಳೆಯ ಮನೆತನದವರು ಭಾನುವಾರ ಮಧ್ಯಾಹ್ನದ ಮೇಲೆ ಹೆಣ್ಣು ನೋಡಲು ಬರುತ್ತೇವೆಂದು ಹೇಳಿ ಕಳಿಸಿದರು. ಅಜ್ಜನ ಸಂಭ್ರಮ ಹೇಳತೀರದು. ಶನಿವಾರ ಆಳು ಹಚ್ಚಿ ಬೀದಿಯ ಕಡೆಯ ಗೋಡೆಗೆ ಸುಣ್ಣ ಹೊಡೆಸಿದ. ಸಂಜೆಯ ಬಿಸಿಲಿಗೆ ಅದು ಎಷ್ಟು ಬೆಳ್ಳಗೆ ಹೊಳೆಯಿತೆಂದರೆ ಓಣಿಗೆ ಓಣಿಯೇ ನಿಂತು ನೋಡಿತು.

ನಾವು ಮಕ್ಕಳೂ ನೋಡಿದೆವು. ನೋಡಿ, ನಮ್ಮದೇ ರೀತಿಯಲ್ಲಿ ಅರ್ಥ ಮಾಡಿಕೊಂಡೆವು. ತಿಂಗಳಿನಿಂದ ಅತ್ತೆ, "ಒಂದು ದೊಡ್ಡ ಬಿಳಿ ಗೋಡೆ ಸಿಕ್ರೆ ನಮ್ಮ ಓಣೀನೇ ಅದರ ಮ್ಯಾಲೆ ಇಳಿಸಿಬಿಡಬೌದು" ಎನ್ನುತ್ತಲೇ ಇದ್ದಳು. ಗೋಡೆ ಸಿಕ್ಕಿತ್ತು. ಇನ್ನೇನು ಕೇಳುವುದಿತ್ತು? ಭಾನುವಾರ ಬೆಳಿಗ್ಗೆ ಅಜ್ಜ ಹಣ್ಣು, ಹೂವು ತರಲು ಪೇಟೆಗೆ ಹೋದ. ಅವ್ವ ಅತ್ತೆಯನ್ನು ಬಚ್ಚಲಲ್ಲಿ ಕೂರಿಸಿ ತಲೆಗೆ ಎಣ್ಣೆ ತಿಕ್ಕುತ್ತಿದ್ದಳು. ಹೊರಗೆ ನಾವು ಬಣ್ಣದ ಚಿಪ್ಪುಗಳನ್ನು ಸಾಲಾಗಿ ಇಟ್ಟುಕೊಂಡು ಕೆಲಸಕ್ಕೆ ಇಳಿದೆವು. ಇವತ್ತಿಗೂ ಆ ಬೆಳಗನ್ನು ನೆನೆದರೆ ಅಂಗೈ ಬೆಚ್ಚಗಾಗುತ್ತದೆ. ಕಾಗದದ ಮೇಲೆ ಬೆರಳಷ್ಟೇ ಆಡುತ್ತದೆ, ಗೋಡೆಯ ಮೇಲೆ ಇಡೀ ಮೈ ಆಡಬೇಕು. ಆಕಾಶ ಬಳಿಯಲು ಒಬ್ಬರ ಹೆಗಲ ಮೇಲೆ ಒಬ್ಬರು ಹತ್ತಿದೆವು. ಹರಿಹರಕ್ಕೆ ಹೋಗುವ ಬಸ್ಸು ಒಂದು ತುದಿಯಿಂದ ಹೊರಟಿತು. ಅದರ ಮೇಲೆ ಕೋಳಿ, ಕೋಳಿಯ ಮೇಲೆ ಹೊಗೆ. ಬಾವಿಗಟ್ಟೆಯ ಹೆಂಗಸರು ಬಂದರು. ಅವರಲ್ಲೊಬ್ಬಳು ನಿಜವಾಗಿಯೂ ಬಂದು, ಸೊಂಟದ ಮೇಲೆ ಕೊಡವಿಟ್ಟುಕೊಂಡೇ, "ಯವ್ವಾ, ನನ್ನ ಸೀರೆ ಕೆಂಪಲ್ಲ, ಹಸ್ರು ಮಾಡ್ರೇ" ಎಂದು ತಿದ್ದಿಸಿ ಹೋದಳು. ನಸೀಮಾ ಮಾತ್ರ ಯಾರಿಗೂ ತೋರಿಸದೆ ಬಾಗಿಲ ಪಕ್ಕದ ಮೂಲೆಯಲ್ಲಿ ನಾಲಿಗೆ ಕಚ್ಚಿಕೊಂಡು ಏನನ್ನೋ ಬರೆಯುತ್ತಿದ್ದಳು.

ಅಜ್ಜ ಪೇಟೆಯಿಂದ ಬಂದವನು ತಿರುವಿನಲ್ಲೇ ನಿಂತುಬಿಟ್ಟ. ಕೈಚೀಲ ಕೈಯಿಂದ ಜಾರಿತು. ಮೂಸಂಬಿಗಳು ಉರುಳಿ ಚರಂಡಿಯವರೆಗೆ ಹೋದವು. ಅವನು ಬಾಯಿ ತೆರೆಯುವಷ್ಟರಲ್ಲಿ ಹಿಂದೆಯೇ ಒಂದು ವ್ಯಾನು ಬಂದು ನಿಂತಿತು. ಗಂಡಿನ ಕಡೆಯವರು! ಬೆಳಿಗ್ಗೆಯೇ ಉಕ್ಕಡಗಾತ್ರಿಗೆ ಹೋಗಿ ಅಲ್ಲಿನ ಗುಡಿಯಲ್ಲಿ ಅಜ್ಜಯ್ಯನ ದರ್ಶನ ಮುಗಿಸಿ, ಹಾಗೇ ಬೇಗ ಬಂದಿದ್ದರು. "ಬರ್ರಿ, ಬರ್ರಿ, ಒಳಗ ಕೂಡ್ರಿ" ಎನ್ನುತ್ತ ಅಜ್ಜ ಅವರನ್ನು ಅವಸರದಿಂದ ಬಾಗಿಲ ಕಡೆಗೆ ಕರೆದೊಯ್ದ. ಗಂಡಿನ ಸೋದರಮಾವ ಚಪ್ಪಲಿ ಬಿಚ್ಚಲೆಂದು ಗೋಡೆಗೆ ಒರಗಿದರು. "ಹಸಿ ಐತ್ರೀ!" ಎಂದು ನಾವು ಕೂಗುವಷ್ಟರಲ್ಲಿ ಬಸ್ಸಿನ ಮೇಲಿದ್ದ ಕೋಳಿ ಅವರ ಬಿಳಿ ಅಂಗಿಯ ಬೆನ್ನಿಗೆ ಹತ್ತಿ ಕೂತಿತ್ತು. ಅವರಿಗೆ ಅದು ಗೊತ್ತಾಗಲಿಲ್ಲ. ಅವರು ಒಳಗೆ ನಡೆದರು, ಹಿಂದಿನಿಂದ ಕೋಳಿಯೂ ನಡೆಯಿತು. ನಾವು ಬಾಯಿಗೆ ಕೈ ಒತ್ತಿಕೊಂಡು ಕಿಟಕಿಗೆ ಜೋತುಬಿದ್ದೆವು.

ಮಂಡಕ್ಕಿ, ಮಿರ್ಚಿ, ಚಹಾ ಆಯಿತು. ಅತ್ತೆ ತಿಳಿ ಹಸಿರು ರೇಷ್ಮೆ ಸೀರೆಯಲ್ಲಿ ಬಂದು ಕೂತಳು. ಗಂಡಿನ ತಾಯಿ ಮೃದು ಮಾತಿನ ಹೆಂಗಸು. ಅತ್ತೆಯ ಕೈ ಹಿಡಿದು ನೋಡಿ, "ನಮಗೆ ಹುಡುಗಿ ಮನಸ್ಸಿಗೆ ಬಂದಾಳೆ" ಎಂದರು. ಅಜ್ಜನ ಮುಖ ಅರಳಿತು. ಆಮೇಲೆ ಅವರು ಅದೇ ಮೆಲುದನಿಯಲ್ಲಿ, "ಮದ್ವಿ ಆದ ಮ್ಯಾಲೆ ಈ ಸಾಲಿ, ಬಣ್ಣ, ಮಕ್ಕಳ ಗುಂಪು ಎಲ್ಲಾ ಬ್ಯಾಡವ್ವ. ನಮ್ಮದು ತುಂಬಿದ ಮನಿ. ಅದನ್ನ ನೋಡ್ಕೊಂಡು ಹೋದ್ರೆ ಸಾಕು" ಎಂದರು. ಅತ್ತೆ ತಲೆಯೆತ್ತಿ ಕಿಟಕಿಯ ಸರಳುಗಳ ನಡುವೆ ತುಂಬಿಕೊಂಡಿದ್ದ ನಮ್ಮ ಮುಖಗಳನ್ನು ನೋಡಿದಳು.

"ಮನಿ ಕೆಲಸ ಎಲ್ಲಾ ಮಾಡ್ತೀನಿ ಅಮ್ಮಾರೆ. ಮಕ್ಕಳಿಗೆ ಕಲಿಸೋದು ಮಾತ್ರ ಬಿಡಕ್ಕಾಗಲ್ಲ."

ಅಷ್ಟೇ ಹೇಳಿದ್ದು. ಧ್ವನಿ ಏರಿಸಲಿಲ್ಲ. ಆ ತಾಯಿಯೂ ಕೋಪಿಸಿಕೊಳ್ಳಲಿಲ್ಲ. ಅತ್ತೆಯ ಕೈ ಬಿಟ್ಟು, ಸೆರಗು ಸರಿಪಡಿಸಿಕೊಂಡು ಎದ್ದರು. ಹೊರಗೆ ಬಂದ ಮೇಲೆ ಗಂಡು, ತೆಳ್ಳಗಿನ ಸಾಧು ಮನುಷ್ಯ, ಗೋಡೆಯ ಮುಂದೆ ಒಂದು ಗಳಿಗೆ ನಿಂತ. "ಬಸ್ಸು ಭಾಳ ಛಲೋ ಐತೆ" ಎಂದು ನಮಗೆ ಹೇಳಿ, ಇನ್ನೇನೋ ಹೇಳುವವನಂತೆ ಬಾಗಿಲ ಕಡೆ ನೋಡಿ, ವ್ಯಾನು ಹತ್ತಿದ. ಅತ್ತೆ ಬಾಗಿಲಲ್ಲಿ ನಿಂತು ವ್ಯಾನು ತಿರುವು ದಾಟುವವರೆಗೂ ನೋಡುತ್ತಿದ್ದಳು. ಅವಳ ಮನಸ್ಸಿನಲ್ಲಿ ಆಗ ಏನಿತ್ತೋ, ನಾನು ಎಷ್ಟು ಸಲ ಕೇಳಿದರೂ ಅವಳು ಹೇಳಲಿಲ್ಲ.

ಅಜ್ಜ ನೇರ ಹಿತ್ತಲಿಗೆ ಹೋದ. ಉಳಿದಿದ್ದ ಸುಣ್ಣದ ಬಕೆಟ್ಟು, ಬ್ರಷ್ಷು ಹಿಡಿದು ಬಂದ. ಯಾರೂ ಓಡಲಿಲ್ಲ, ಓಡಿದರೆ ಗೋಡೆ ಒಂಟಿಯಾಗುತ್ತದೆ ಅನ್ನಿಸಿತೋ ಏನೋ. ಅವನು ಬಾಗಿಲ ಪಕ್ಕದ ಮೂಲೆಯಿಂದಲೇ ಶುರು ಮಾಡಲು ಬ್ರಷ್ಷು ಅದ್ದಿ ಎತ್ತಿದ. ಅಲ್ಲಿ ನಸೀಮಾಳ ಚಿತ್ರವಿತ್ತು. ಮುಖಕ್ಕಿಂತ ಅಗಲವಾದ ಮೀಸೆಯ ಒಬ್ಬ ಗಂಡಸು, ಅವನ ಹೆಗಲ ಮೇಲೆ ಎರಡು ಜಡೆಯ ಒಂದು ಹುಡುಗಿ.

"ಇದ್ಯಾರು?" ಎಂದ ಅಜ್ಜ.

"ನೀವೇ ಅಜ್ಜಾರೆ," ನಸೀಮಾಳ ಧ್ವನಿ ಕೇಳಿಸುವಂತಿರಲಿಲ್ಲ.

"ಮ್ಯಾಲೆ ಕೂತಾಕಿ?"

"ಟೀಚರ್ರು. ಸಣ್ಣೋರಿದ್ದಾಗ. ಮಿಲ್ಲಿನ ಗೇಟಿಗೆ ಬಂದ್ರೆ ನೀವು ಹಿಂಗೇ ಹೊತ್ಕೊಂಡು ಮನಿಗೆ ಕರ್ಕೊಂಡು ಬರ್ತಿದ್ರಂತಲ್ಲ? ಅವರೇ ಹೇಳಿದ್ರು. ಅಲ್ಲಿಂದ ಇಡೀ ಊರು ಕಾಣ್ತಿತ್ತಂತೆ."

ಬ್ರಷ್ಷಿನಿಂದ ಸುಣ್ಣ ತೊಟ್ಟಿಕ್ಕಿ ಅಜ್ಜನ ಪಾದದ ಮೇಲೆ ಬೀಳುತ್ತಿತ್ತು. ಅವನು ಬಹಳ ಹೊತ್ತು ಆ ಚಿತ್ರವನ್ನು ನೋಡಿದ, ಆಮೇಲೆ ಬಾಗಿಲಲ್ಲಿ ನಿಂತ ಮಗಳನ್ನು ನೋಡಿದ. "ಹೆಂಗೆ ಗಿರಿಜಾ, ಮುಂದೆ?" ಎಂದ. "ನಡೀತತೆ ಅಪ್ಪಾಜಿ" ಎಂದಳು ಅತ್ತೆ. ಅಜ್ಜ ಬ್ರಷ್ಷನ್ನು ಬಕೆಟ್ಟಿಗೆ ಇಳಿಬಿಟ್ಟು ಮೂಗು ಸೀಟಿಕೊಂಡ. "ಮೀಸಿ ಇಷ್ಟು ದಪ್ಪ ಇಲ್ಲಲೇ ನಂದು" ಎಂದು ನಸೀಮಾಳನ್ನು ಗದರಿದ. ಮೊದಲು ನಕ್ಕವಳು ಅವ್ವ. ಆಮೇಲೆ ಯಾರು ನಕ್ಕರು, ಯಾರು ಅತ್ತರು ಎಂದು ಬೇರೆ ಮಾಡುವಂತಿರಲಿಲ್ಲ. ಅತ್ತೆ ರೇಷ್ಮೆ ಸೀರೆಯಲ್ಲೇ ಕಟ್ಟೆಗೆ ಇಳಿದು ಬಂದು, ಕೋಳಿ ಅರ್ಧ ಅಳಿಸಿಹೋದ ಜಾಗದಲ್ಲಿ ಬೇವಿನ ಕಡ್ಡಿ ಹಿಡಿದು ನಿಂತಳು.

ಅದಾದ ಮೇಲೆ ಪ್ರತಿ ವರ್ಷ ಮನೆಗೆ ಸುಣ್ಣ ಹೊಡೆಯುವಾಗ ಆ ಗೋಡೆಯನ್ನು ಬಿಡುತ್ತಿದ್ದರು. ಮಾಸಿದಲ್ಲಿ ಹೊಸ ಮಕ್ಕಳು ಬಂದು ಬಣ್ಣ ತುಂಬುತ್ತಿದ್ದರು. ಅತ್ತೆಗೆ ಮದುವೆ ಆಗಲಿಲ್ಲ. ಅಜ್ಜ ಹೋದ ಮೇಲೆ ಮನೆ ಪಾಲಾಯಿತು, ಮಾರಾಟವಾಯಿತು. ನಾವು ಬೇರೆ ಕಡೆ ಹೋದೆವು. ಅತ್ತೆ ಹರಿಹರದಲ್ಲಿ, ಹೊಳೆಗೆ ಹತ್ತಿರವಾಗಿ, ಎರಡು ಕೋಣೆಯ ಬಾಡಿಗೆ ಮನೆ ಹಿಡಿದಳು. ನಿವೃತ್ತಿಯಾಗುವವರೆಗೂ ಕಲಿಸಿದಳು, ಆದ ಮೇಲೂ ಕಲಿಸಿದಳು. ಮನೆ ಕೊಂಡವರು ಹಲವು ವರ್ಷ ಹಾಗೇ ಬಿಟ್ಟಿದ್ದು, ಕೊನೆಗೆ ಕೆಡವಿ ಮಳಿಗೆ ಕಟ್ಟಲು ಹೊರಟರು. ಸುದ್ದಿ ತಿಳಿದು, ಕೆಡವುವ ಹಿಂದಿನ ದಿನ ನಾನು ಅತ್ತೆಯನ್ನು ಕರೆದುಕೊಂಡು ಹೋದೆ. ಅವಳು ಒಂದು ಚೀಲ ಹಿಡಿದಿದ್ದಳು. ಗೋಡೆಯ ಮುಂದೆ ನಿಂತು ಕನ್ನಡಕ ಒರೆಸಿಕೊಂಡು ಎಲ್ಲವನ್ನೂ ನೋಡಿದಳು. ಆಮೇಲೆ ಓಣಿಯಲ್ಲಿ ಆಡುತ್ತಿದ್ದ, ನಮ್ಮನ್ನು ಕಂಡರಿಯದ ಮಕ್ಕಳನ್ನು, "ಬರ್ರೋ ಇಲ್ಲಿ, ಇಷ್ಟು ಜಾಗ ಖಾಲಿ ಐತೆ" ಎಂದು ಕರೆದು, ಚೀಲದಿಂದ ಬಣ್ಣ ತೆಗೆದು ಹಂಚತೊಡಗಿದಳು.

"ನಾಳೆ ಬೀಳೋ ಗೋಡೆ ಅತ್ತೆ, ಯಾಕೆ?" ಎಂದೆ ನಾನು.

"ಇವತ್ತು ನಿಂತೈತಲ್ಲೇ," ಎಂದಳು.

ಸಂಜೆಯವರೆಗೂ ಆ ಓಣಿಯಲ್ಲಿ ಗಲಾಟೆಯೋ ಗಲಾಟೆ. ಮಕ್ಕಳು ಕೈ ತೊಳೆಯದೆ ಮನೆಗೆ ಓಡಿದರು. ಹರಿಹರದ ಬಸ್ಸಿನಲ್ಲಿ ಅತ್ತೆಗೆ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಒಂದು ಪುಟ್ಟ ಹುಡುಗ ಆನೆಗೆ ಚಪ್ಪಲಿ ಹಾಕಿದ್ದನ್ನು ನನಗೆ ಹೇಳಿ ಹೇಳಿ ನಗುತ್ತಿದ್ದವಳು, ಊರು ದಾಟುತ್ತಿದ್ದಂತೆ ಮಾತು ನಿಲ್ಲಿಸಿ ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋದಳು. ಎಚ್ಚರವಾದೀತೆಂದು ನಾನು ಅಲುಗಾಡದೆ ಕೂತಿದ್ದೆ. ಹೊರಗೆ ಭತ್ತದ ಗದ್ದೆಗಳ ಮೇಲೆ ಕತ್ತಲು ಇಳಿಯುತ್ತಿತ್ತು. ಅವಳ ತಲೆ ಎಷ್ಟು ಹಗುರವಾಗಿತ್ತು ಅಂದರೆ, ನಡುನಡುವೆ ನಾನು ತಿರುಗಿ ನೋಡಿ, ಅತ್ತೆ ಅಲ್ಲೇ ಇದ್ದಾಳೆಂದು ಖಾತ್ರಿ ಮಾಡಿಕೊಳ್ಳಬೇಕಾಗುತ್ತಿತ್ತು.